ಬೋಟು ನೀರಿನದು, ನಿಜ. ಹಾಗಂತ ಸ್ಪೇನಿನ ತನಕ ನೀರಿನ ಮೇಲೇ ಒಯ್ಯಬೇಕಾ?

ಪ್ರಶ್ನೆ: ನನ್ನ ಮಗ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಬಹಳ ವರ್ಷಗಳಿಂದ ಇದ್ದಾನೆ. ಮೂರು ವರ್ಷದ ಹಿಂದೆ 19 ಅಡಿಯ ಮೋಟಾರ್ ಬೋಟು ಕೊಂಡಿದ್ದಾನೆ. ಈಗ ಅವನ ಕೆಲಸ ಸ್ಪೇನಿನ ವೆಲೆನ್ಸಿಯಾಕ್ಕೆ ವರ್ಗವಾಗಿದೆ. ಬೋಟನ್ನು ಸಮುದ್ರದ ಮೇಲೇ ಓಡಿಸಿಕೊಂಡು ಹೋಗುತ್ತೇನೆ, ಟ್ರೇಲರ್ ಮೇಲೆ ಒಯ್ದರೆ ತಳ ಹಾಳಾಗುತ್ತದೆ, ಖರ್ಚೂ ಜಾಸ್ತಿ ಅನ್ನುತ್ತಾನೆ. ನನಗೆ ರಾತ್ರಿ ನಿದ್ದೆ ಹತ್ತುತ್ತಿಲ್ಲ. ಅವನು ಹೇಳುವುದು ಸರಿಯಾ? (ಹಾವೇರಿಯ ಓದುಗರೊಬ್ಬರು)

ಅಕ್ಕಾವರೇ, ಮೊದಲು ನೀವು ನಿದ್ದೆ ಮಾಡಿ. ಮಗನಿಗೆ ಬೇಡ ಅಂತ ಹೇಳಿ. ಬೋಟನ್ನು ಟ್ರೇಲರ್ ಮೇಲೆ ಕಟ್ಟಿ, ಟ್ರೇಲರನ್ನು ಕಾರಿಗೆ ಸಿಕ್ಕಿಸಿ, ಸೌತಾಂಪ್ಟನ್ ಪಕ್ಕದ ಪೋರ್ಟ್ಸ್‌ಮತ್ ಬಂದರಿಗೆ ಹೋಗಲಿ. ಅಲ್ಲಿಂದ ಕಾರು, ಲಾರಿಗಳನ್ನು ಹೊಟ್ಟೆಯಲ್ಲಿ ತುಂಬಿಕೊಂಡು ಹೋಗುವ ಫೆರಿ ಹಡಗುಗಳಿವೆ. ಅವು ನೇರವಾಗಿ ಸ್ಪೇನಿನ ಬಿಲ್ಬಾವೊಗೂ ಸಾಂತಾಂಡೇರ್‌ಗೂ ಹೋಗುತ್ತವೆ. ಒಂದು ದಿನಕ್ಕಿಂತ ಸ್ವಲ್ಪ ಹೆಚ್ಚು ಹೊತ್ತಿನ ಪಯಣ. ಬಿಲ್ಬಾವೊದಲ್ಲಿ ಇಳಿದರೆ ವೆಲೆನ್ಸಿಯಾಕ್ಕೆ ಸುಮಾರು 600 ಕಿ.ಮೀ. ಒಳ್ಳೆಯ ರಸ್ತೆ.

ಉತ್ತರ ಇಷ್ಟೇ. ಆದರೆ ಇಷ್ಟಕ್ಕೇ ಬಿಟ್ಟರೆ ಮುಂದಿನ ತಿಂಗಳು ಇದೇ ಪ್ರಶ್ನೆ ಮತ್ತೆ ಬರುತ್ತದೆ. ಹಡಗಿನ ಎಂಜಿನ್ ರೂಮಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ಈಗ ಧಾರವಾಡದಲ್ಲಿ ಕೂತಿರುವ ನನಗೆ, ನಮ್ಮ ಕಡೆಯ ಮಕ್ಕಳು ಎಲ್ಲೆಲ್ಲಿ ಬೋಟು ಕೊಂಡಿದ್ದಾರೆ ಅನ್ನುವುದು ಇಂಥ ಪತ್ರಗಳಿಂದಲೇ ಗೊತ್ತಾಗುವುದು. ಒಬ್ಬರಿಗೆ ಸ್ವೀಡನ್ನಿನಿಂದ ಇಟಲಿಗೆ ಒಯ್ಯಬೇಕು, ಇನ್ನೊಬ್ಬರಿಗೆ ಹಾಲೆಂಡಿನಿಂದ ಪೋರ್ಚುಗಲ್ಲಿಗೆ. ಎಲ್ಲರ ಬಾಯಲ್ಲೂ ಒಂದೇ ಮಾತು: "ಸಮುದ್ರದಲ್ಲಿ ಟೋಲ್ ಇಲ್ಲ, ಟ್ರಾಫಿಕ್ ಇಲ್ಲ, ಪೆಟ್ರೋಲ್ ಹಾಕಿದರೆ ಮುಗಿಯಿತು." ಈ ಮಾತನ್ನು ಇವತ್ತು ಬಿಡಿಸಿ ನೋಡಿಯೇಬಿಡೋಣ.

ದೂರದಿಂದ ಶುರು ಮಾಡುತ್ತೇನೆ. ಸೌತಾಂಪ್ಟನ್‌ನಿಂದ ಫ್ರಾನ್ಸ್, ಪೋರ್ಚುಗಲ್ ಬದಿಯಿಂದ ಇಳಿದು, ಜಿಬ್ರಾಲ್ಟರ್ ಸುತ್ತಿ ವೆಲೆನ್ಸಿಯಾಕ್ಕೆ ಹೋಗಲು ಹತ್ತಿರಹತ್ತಿರ 1,500 ನಾಟಿಕಲ್ ಮೈಲು. ಒಂದು ನಾಟಿಕಲ್ ಮೈಲು ಅಂದರೆ 1.852 ಕಿ.ಮೀ. ಹಾಗಾಗಿ 2,700 ಕಿ.ಮೀ. ದಾಟುತ್ತದೆ. ಇದು ದೊಡ್ಡ ಹಡಗು ನೇರವಾಗಿ ಹೋದಾಗಿನ ಲೆಕ್ಕ. ಸಣ್ಣ ಬೋಟು ದಡ ಹಿಡಿದು ಬಂದರಿನಿಂದ ಬಂದರಿಗೆ ಹೋಗಬೇಕು, ದೂರ ಇನ್ನೂ ಬೆಳೆಯುತ್ತದೆ.

ಈಗ ಪೆಟ್ರೋಲ್. ನೂರು ಚಿಲ್ಲರೆ ಕುದುರೆ ಶಕ್ತಿಯ ಎಂಜಿನ್ ಇರುವ ಇಂಥ ಬೋಟು ಹದವಾದ ವೇಗದಲ್ಲಿ ಹೋದರೆ ಒಂದು ನಾಟಿಕಲ್ ಮೈಲಿಗೆ ಒಂದು ಲೀಟರಿನ ಆಸುಪಾಸು ಕುಡಿಯುತ್ತದೆ. ಅಲೆ ಎದುರಾದರೆ ಅದಕ್ಕಿಂತ ಜಾಸ್ತಿ. ಟ್ಯಾಂಕು 100 ಲೀಟರ್ ಅಂತ ಇಟ್ಟುಕೊಳ್ಳಿ. ಬೋಟಿನವರಿಗೆ ಒಂದು ಹಳೆಯ ಕಟ್ಟಳೆ ಇದೆ. ಮೂರರಲ್ಲಿ ಒಂದು ಪಾಲು ಹೋಗಲಿಕ್ಕೆ, ಒಂದು ಪಾಲು ಬರಲಿಕ್ಕೆ, ಒಂದು ಪಾಲು ಮುಟ್ಟದೆ ಉಳಿಸಲಿಕ್ಕೆ. ವಾಪಸ್ ಬರುವ ಪಾಲನ್ನೂ ಮುಂದಕ್ಕೇ ಖರ್ಚು ಮಾಡಿದರೂ 65 ಮೈಲು ದಾಟುವ ಹಾಗಿಲ್ಲ. ಅಂದರೆ ದಾರಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಲ ಬಂದರು ಹೊಕ್ಕು ಪೆಟ್ರೋಲ್ ಹುಡುಕಬೇಕು. ನೀರಿನ ದಂಡೆಯ ಪಂಪುಗಳಲ್ಲಿ ಬಹಳಷ್ಟು ಕಡೆ ಸಿಗುವುದು ಡೀಸೆಲ್ ಮಾತ್ರ. ಪೆಟ್ರೋಲಿಗೆ ಕ್ಯಾನ್ ಹಿಡಿದು ಊರೊಳಗೆ ನಡೆಯಬೇಕು.

ಇಷ್ಟನ್ನೂ ಸಹಿಸಿಕೊಳ್ಳಬಹುದು ಅನ್ನೋಣ. ನಡುವೆ ಬಿಸ್ಕೆ ಕೊಲ್ಲಿ ಇದೆ. ಫ್ರಾನ್ಸಿನ ಪಶ್ಚಿಮ ತುದಿಯಿಂದ ಸ್ಪೇನಿನ ವಾಯುವ್ಯ ಮೂಲೆಗೆ ನೇರ ಹಾಯ್ದರೆ ಸುಮಾರು 350 ನಾಟಿಕಲ್ ಮೈಲು, ಅಂದರೆ 650 ಕಿ.ಮೀ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗಿ, ಅಲ್ಲಿಂದ ವಾಪಸ್ ಚಿತ್ರದುರ್ಗ ದಾಟಿದಷ್ಟು ದೂರ. ಒಂದೇ ಒಂದು ಪಂಪು ಇಲ್ಲ. ನಾಲ್ಕು ಸಾವಿರ ಮೀಟರ್ ಆಳದ ಅಟ್ಲಾಂಟಿಕ್ ಅಲ್ಲಿ ಇದ್ದಕ್ಕಿದ್ದಂತೆ ಇನ್ನೂರು ಮೀಟರಿಗೆ ಬಂದುಬಿಡುತ್ತದೆ. ದೂರದಿಂದ ಉರುಳಿಕೊಂಡು ಬಂದ ಅಲೆಗಳು ಅಲ್ಲಿ ಎದ್ದು ನಿಲ್ಲುತ್ತವೆ. ಇನ್ನೂರು ಮೀಟರ್ ಉದ್ದದ ಹಡಗಿನಲ್ಲಿ ಆ ಕೊಲ್ಲಿ ದಾಟುವಾಗ ಎಂಜಿನ್ ರೂಮಿನಲ್ಲಿ ಪಾನಾ ಕೈಯಲ್ಲಿ ಹಿಡಿದು ನಿಲ್ಲಲಾಗದೆ ಕಂಬಿ ಅಪ್ಪಿಕೊಂಡವನು ನಾನು. ನಿಮ್ಮ ಮಗನ ಬೋಟು ಆರು ಮೀಟರ್ ಕೂಡ ಇಲ್ಲ.

ಹೆಚ್ಚುವರಿ ಪೆಟ್ರೋಲನ್ನು ಕ್ಯಾನುಗಳಲ್ಲಿ ತುಂಬಿಕೊಂಡು ಹೋಗುತ್ತೇನೆ ಅಂದಾನು. ಬಿಡಬೇಡಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಸೋರಿದ್ದು ಹಾರಿಹೋಗದೆ ಬೋಟಿನ ತಳದಲ್ಲಿ ಇಳಿದು ಕೂರುತ್ತದೆ. ಅಲ್ಲೇ ಬ್ಯಾಟರಿ ಇರುತ್ತದೆ, ಅಲ್ಲೇ ಪಂಪಿನ ವೈರು. ಒಂದು ಕಿಡಿ ಸಾಕು.

ಇದನ್ನೆಲ್ಲ ನನ್ನ ಮಾತಿನ ಮೇಲೆ ನಂಬಬೇಕಿಲ್ಲ. ಬೋಟು ಕಟ್ಟಿದವರೇ ಬರೆದಿಟ್ಟಿದ್ದಾರೆ. ಯುರೋಪಿನಲ್ಲಿ ಮಾರುವ ಬೋಟಿಗೆ ಚಾಲಕನ ಸೀಟಿನ ಹತ್ತಿರ ಅಂಗೈ ಅಗಲದ ಒಂದು ಫಲಕ ಅಂಟಿಸಿರುತ್ತಾರೆ. ಅದರ ಮೇಲೆ ಎ, ಬಿ, ಸಿ, ಡಿ ಅಂತ ಯಾವುದಾದರೂ ಒಂದು ದರ್ಜೆ ಇರುತ್ತದೆ. 19 ಅಡಿಯ ಬೋಟಿಗೆ ಸಾಮಾನ್ಯವಾಗಿ ಸಿ. ಅದರ ಅರ್ಥ ದಡದ ಹತ್ತಿರ, ಗಾಳಿ ಬೋಫರ್ಟ್ ಅಳತೆಯ 6ರ ತನಕ (ಅಂದರೆ ಗಂಟೆಗೆ 50 ಕಿ.ಮೀ. ಒಳಗಿನ ಗಾಳಿ), ಅಲೆ 2 ಮೀಟರ್ ತನಕ. ಬಿಸ್ಕೆಯಲ್ಲಿ 2 ಮೀಟರ್ ಅಲೆ ಅಂದರೆ ಒಳ್ಳೆಯ ದಿನ. ವಿಮೆಯ ಕಾಗದದಲ್ಲೂ ಬೋಟು ಎಲ್ಲಿಯ ತನಕ ಹೋಗಬಹುದು ಅಂತ ಗಡಿ ಹಾಕಿರುತ್ತಾರೆ. ಆ ಗಡಿಯ ಆಚೆ ಏನಾದರೂ ಆದರೆ ಪೈಸೆ ಬರುವುದಿಲ್ಲ.

ಇನ್ನು "ಖರ್ಚು ಕಮ್ಮಿ" ಅನ್ನುವ ಮಾತು. ಜೂನ್ ಮತ್ತು ಜುಲೈನಲ್ಲಿ ಕಾರವಾರಕ್ಕೆ ಹೋಗಿ ನೋಡಿ. ಹುಟ್ಟಿದಾಗಿನಿಂದ ಸಮುದ್ರ ಕಂಡವರು ಬೋಟು ದಡಕ್ಕೆ ಕಟ್ಟಿ ಬಲೆ ಹೊಲಿಯುತ್ತಿರುತ್ತಾರೆ. ಸರಕಾರದ ನಿಷೇಧ ಇದೆ, ನಿಜ. ಅದು ಇಲ್ಲದ ಕಾಲದಲ್ಲೂ ಹಿರಿಯರು ಆ ಕಡಲಿಗೆ ಸುಮ್ನೆ ಇಳಿಯುತ್ತಿರಲಿಲ್ಲ. ಸಣ್ಣ ಬೋಟಿನ ಪ್ರಯಾಣದಲ್ಲಿ ಓಡುವುದಕ್ಕಿಂತ ಕಾಯುವುದೇ ಜಾಸ್ತಿ. ಗಾಳಿ ಇಳಿಯಲಿ ಅಂತ ಕಾಯುವ ಒಂದೊಂದು ರಾತ್ರಿಗೂ ಬಂದರಿನ ಬಾಡಿಗೆ, ಊಟ, ಕೆಲಸದ ರಜೆ. ಜೊತೆಗೆ 1,500 ಲೀಟರಿಗೂ ಹೆಚ್ಚು ಪೆಟ್ರೋಲ್. ಅದರ ಮುಂದೆ ಫೆರಿ ಟಿಕೆಟ್ ಎಲ್ಲಿಯ ಲೆಕ್ಕ? ಅದೇ ಬಿಸ್ಕೆಯನ್ನು ಬೋಟು ಫೆರಿಯ ಹೊಟ್ಟೆಯಲ್ಲಿ ಒಣಗಿಕೊಂಡೇ ದಾಟುತ್ತದೆ.

ಫ್ರಾನ್ಸಿನ ಒಳಗಿನಿಂದ ನದಿ, ಕಾಲುವೆ ಹಿಡಿದು ಹೋಗಬಹುದಲ್ವಾ ಅಂತ ಓದಿಕೊಂಡವರು ಕೇಳುತ್ತಾರೆ. ಹೋಗಬಹುದು. ಸೇನ್ ನದಿ ಹತ್ತಿ, ಪ್ಯಾರಿಸ್ ದಾಟಿ, ಸೋನ್, ರೋನ್ ನದಿಗಳಲ್ಲಿ ಇಳಿದು ಮಾರ್ಸೇಲ್ ಹತ್ತಿರ ಮೆಡಿಟರೇನಿಯನ್ ಸೇರುವ ದಾರಿ ಇದೆ. ನೀರಿನ ಮಟ್ಟ ಏರಿಸಿ ಇಳಿಸಿ ಬೋಟು ದಾಟಿಸುವ ಲಾಕ್ ಗೇಟುಗಳು ನೂರಕ್ಕೂ ಹೆಚ್ಚು, ಸಣ್ಣ ಕಾಲುವೆಗಳಲ್ಲಿ ಗಂಟೆಗೆ 6 ಕಿ.ಮೀ. ವೇಗ. ನಿವೃತ್ತಿಯ ನಂತರ ಮಾಡಲಿ, ಚೆಂದದ ದಾರಿ. ಈಗ ನೌಕರಿಗೆ ಹಾಜರಾಗಬೇಕಾದವನಿಗೆ ಅಲ್ಲ.

ಟ್ರೇಲರ್ ಮೇಲೆ ತಳ ಹಾಳಾಗುತ್ತದೆ ಅನ್ನುವುದಕ್ಕೆ ಬರೋಣ. ಅಲೆಯ ಮೇಲಿನಿಂದ ಬಿದ್ದು ಬಿದ್ದು ಏಳುವ ಪೆಟ್ಟು ತಿನ್ನಲೆಂದೇ ಮಾಡಿದ ತಳ ಅದು. ರಬ್ಬರ್ ರೋಲರಿನ ಮೇಲೆ ಅಲುಗದೆ ಕೂತರೆ ಅದಕ್ಕೆ ಏನೂ ಆಗುವುದಿಲ್ಲ. ರೋಲರುಗಳು ಬೋಟಿನ ನಡುಬೆನ್ನಿಗೆ ಸರಿಯಾಗಿ ತಾಗಿರಬೇಕು, ಹಿಂದಿನ ತುದಿ ಟ್ರೇಲರಿನಿಂದಾಚೆ ಜೋತಾಡಬಾರದು, ಅಷ್ಟೇ. ದಾರಿಯಲ್ಲಿ ಹಾಳಾಗುವುದು ಟ್ರೇಲರ್, ಅದರಲ್ಲೂ ಚಕ್ರದ ಬೇರಿಂಗು.

ನಾನು ಇದನ್ನು ಅಳ್ನಾವರದಲ್ಲಿ ಕಲಿತೆ. ಗೆಳೆಯರೊಬ್ಬರು ಗೋವಾದಲ್ಲಿ 17 ಅಡಿಯ ಹಳೆಯ ಬೋಟು ಕೊಂಡಿದ್ದರು. ಎಂಜಿನ್ ಬಿಚ್ಚಿ ರಿಪೇರಿ ಮಾಡಲಿಕ್ಕೆ ಧಾರವಾಡಕ್ಕೆ ತರುತ್ತಿದ್ದೆವು. ಅನಮೋಡ ಘಾಟಿನಲ್ಲಿ ಏನೂ ಆಗಲಿಲ್ಲ. ಲೋಂಡಾ ದಾಟಿದ ಮೇಲೆ ಸುಟ್ಟ ಗ್ರೀಸಿನ ವಾಸನೆ ಬಂತು, ಜೀಪಿನದೇ ಇರಬೇಕು ಅಂದುಕೊಂಡೆವು. ಅಳ್ನಾವರದ ಹತ್ತಿರ ಚಹಾಕ್ಕೆ ನಿಲ್ಲಿಸಿ ಟ್ರೇಲರಿನ ಎಡ ಚಕ್ರದ ಹಬ್, ಅಂದರೆ ಬೇರಿಂಗು ಕೂರುವ ನಡುಭಾಗ, ಮುಟ್ಟಿದೆ. ಬೆರಳು ಚುರ್ ಅಂದಿತು. ತಣ್ಣಗಾದ ಮೇಲೆ ಮುಚ್ಚಳ ತೆಗೆದರೆ ಒಳಗಿನ ಗ್ರೀಸು ಹಾಲು ಜಾಸ್ತಿಯಾದ ಚಹಾದ ಬಣ್ಣಕ್ಕೆ ತಿರುಗಿತ್ತು. ಒರೆಸಿ ನೋಡಿದರೆ ಬೇರಿಂಗಿನೊಳಗಿನ ರೋಲರುಗಳ ಮೈಮೇಲೆಲ್ಲ ತುಕ್ಕಿನ ಗುಳಿ. ಹುಬ್ಬಳ್ಳಿಯಿಂದ ಹೊಸ ಬೇರಿಂಗು ಬರುವಷ್ಟರಲ್ಲಿ ಕತ್ತಲಾಗಿತ್ತು. ಬೋಟಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಕಾರಣ ಸರಳ. ದೂರದಿಂದ ಓಡಿ ಬಂದ ಟ್ರೇಲರಿನ ಹಬ್ ಬಿಸಿಯಾಗಿರುತ್ತದೆ. ಬೋಟು ಇಳಿಸುವ ಅವಸರದಲ್ಲಿ ಅದನ್ನು ಹಾಗೇ ಸಮುದ್ರಕ್ಕೆ ಹಿಂದಕ್ಕೆ ತಳ್ಳುತ್ತಾರೆ. ಹಬ್ ತಟ್ಟನೆ ತಣ್ಣಗಾಗಿ ಒಳಗಿನ ಗಾಳಿ ಕುಗ್ಗುತ್ತದೆ, ಸೀಲಿನ ಸಂದಿಯಿಂದ ಉಪ್ಪು ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ನಿಮ್ಮ ಮಗ ಹೊರಡುವ ಮೊದಲು ಎರಡೂ ಬದಿಯ ಬೇರಿಂಗು ಬಿಚ್ಚಿಸಿ ಹೊಸ ಗ್ರೀಸು ತುಂಬಿಸಲಿ. ಒಂದು ಜೊತೆ ಬೇರಿಂಗು ಮತ್ತು ಸ್ಟೆಪ್ನಿ ಕಾರಿನಲ್ಲಿ ಇರಲಿ. ಮೊದಲ 50 ಕಿ.ಮೀ. ಆದ ಮೇಲೆ ನಿಲ್ಲಿಸಿ ಹಬ್ ಮುಟ್ಟಿ ನೋಡಲಿ. ವೆಲೆನ್ಸಿಯಾ ಮುಟ್ಟಿದ ಮೇಲೆ ಅರ್ಧ ತಾಸು ಕಾದು, ಹಬ್ ತಣಿದ ಮೇಲಷ್ಟೇ ನೀರಿಗೆ ಇಳಿಸಲಿ.

ಭಾರದ ವಿಷಯ ನಮ್ಮ ರೈತರಿಗೆ ಹೇಳಬೇಕಿಲ್ಲ. ಹತ್ತಿಯನ್ನೋ ಕಬ್ಬನ್ನೋ ಟ್ರೇಲರಿನ ಹಿಂದಕ್ಕೆ ಜಾಸ್ತಿ ಹೇರಿದರೆ ಟ್ರ್ಯಾಕ್ಟರ್ ಹಗುರಾಗಿ ಬಾಲ ಅಲ್ಲಾಡುತ್ತದೆ, ಅಲ್ವಾ? ಕಾರಿಗೂ ಅದೇ. ಟ್ರೇಲರಿನ ಒಟ್ಟು ತೂಕದಲ್ಲಿ ನೂರಕ್ಕೆ 5ರಿಂದ 7 ಪಾಲು ಕಾರಿನ ಕೊಕ್ಕೆಯ ಮೇಲೆ ಕೂತಿರಬೇಕು. ಅಗಲ 2.55 ಮೀಟರ್ ಒಳಗಿದ್ದರೆ ವಿಶೇಷ ಪರವಾನಗಿ ಬೇಕಿಲ್ಲ. 19 ಅಡಿಯ ಬೋಟು ಸಾಮಾನ್ಯವಾಗಿ ಅದರೊಳಗೇ ಇರುತ್ತದೆ.

ಕಾಗದಪತ್ರದ ಬಗ್ಗೆ ನೀವು ಕೇಳಿಲ್ಲ, ಆದರೆ ಮಗನಿಗೆ ನಿಜವಾದ ತ್ರಾಸು ಬರುವುದು ಇಲ್ಲಿ. ಬ್ರಿಟನ್ 2020ರ ಜನವರಿ 31ರಂದು ಯುರೋಪಿಯನ್ ಒಕ್ಕೂಟ ಬಿಟ್ಟಿತು. ಆ ವರ್ಷದ ಕೊನೆಗೆ ಕಸ್ಟಮ್ಸ್ ನಂಟೂ ಮುಗಿಯಿತು. ಈಗ ಅಲ್ಲಿಂದ ಸ್ಪೇನಿಗೆ ಬೋಟು ತಂದರೆ ಅದು ಆಮದು. ಸ್ಪೇನಿನಲ್ಲಿ ವ್ಯಾಟ್ ನೂರಕ್ಕೆ 21. "18 ತಿಂಗಳು ತೆರಿಗೆ ಇಲ್ಲದೆ ಇಟ್ಟುಕೊಳ್ಳಬಹುದು" ಅಂತ ಯಾರೋ ಅವನಿಗೆ ಹೇಳಿಯೇ ಹೇಳುತ್ತಾರೆ. ಆ ಸೌಲಭ್ಯ ಒಕ್ಕೂಟದ ಹೊರಗೆ ವಾಸ ಇರುವವರಿಗೆ. ಸ್ಪೇನಿನಲ್ಲೇ ಮನೆ ಮಾಡುವ ನಿಮ್ಮ ಮಗನಿಗೆ ಅಲ್ಲ. ಅವನಿಗೆ ಒದಗುವುದು ವಾಸ ಬದಲಿಸುವವರಿಗೆ ಇರುವ ವಿನಾಯಿತಿ. ಕನಿಷ್ಠ 12 ತಿಂಗಳು ಒಕ್ಕೂಟದ ಹೊರಗೆ ವಾಸವಿದ್ದು, ಬೋಟನ್ನು ಕನಿಷ್ಠ 6 ತಿಂಗಳು ಸ್ವಂತಕ್ಕೆ ಬಳಸಿದ್ದು, ಸ್ಪೇನಿನಲ್ಲಿ ನೆಲೆಸಿದ 12 ತಿಂಗಳೊಳಗೆ ತಂದರೆ ಮನೆಸಾಮಾನಿನ ಜೊತೆ ಬೋಟನ್ನೂ ಸುಂಕವಿಲ್ಲದೆ ಒಯ್ಯಬಹುದು. ತಂದ ಮೇಲೆ 12 ತಿಂಗಳು ಮಾರುವಂತಿಲ್ಲ. ಬೋಟು ಫೆರಿ ಹತ್ತುವ ಮೊದಲೇ ಈ ಅರ್ಜಿಯ ಕೆಲಸ ಆಗಿರಬೇಕು. ಖರೀದಿಯ ರಸೀದಿ, ಚಾಲಕನ ಸೀಟಿನ ಹತ್ತಿರದ ಆ ದರ್ಜೆಯ ಫಲಕದ ಫೋಟೊ, ಬೋಟಿನ ಹಿಂಬದಿಯ ಬಲಗಡೆ ಕೆತ್ತಿರುವ ನಂಬರಿನ ಫೋಟೊ, ಸ್ಪೇನಿಗೆ ಒಪ್ಪುವ ವಿಮೆ, ಎಲ್ಲವೂ ಒಂದೇ ಫೈಲಿನಲ್ಲಿ ಇರಲಿ.

ಇನ್ನೊಂದು ಮಾತು. ಬೆಚ್ಚಗಿನ ಊರು, ಹಿಮ ಇಲ್ಲ, ಇನ್ನು ಬೋಟಿಗೆ ಆರಾಮ ಅಂತ ಅವನು ಅಂದುಕೊಂಡಿದ್ದರೆ ಅದನ್ನೂ ತಿದ್ದಬೇಕು. ಎಂಜಿನ್ನಿನಲ್ಲಿ ಉಳಿದ ನೀರು ಹೆಪ್ಪುಗಟ್ಟಿ ಒಡೆಯುವ ಭಯ ಹೋಗುತ್ತದೆ, ಒಪ್ಪಿದೆ. ಆದರೆ ವೆಲೆನ್ಸಿಯಾದಲ್ಲಿ ಬೇಸಿಗೆಯಲ್ಲಿ ಸಮುದ್ರದ ನೀರು 26 ಡಿಗ್ರಿ ಮುಟ್ಟುತ್ತದೆ. ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ಒಂದು ಕಿಲೋ ನೀರಿಗೆ 35 ಗ್ರಾಂ ಉಪ್ಪಿದ್ದರೆ ಮೆಡಿಟರೇನಿಯನ್ನಿನಲ್ಲಿ 38. ಬಿಸಿ ಹೆಚ್ಚು, ಉಪ್ಪು ಹೆಚ್ಚು. ತಳಕ್ಕೆ ಪಾಚಿ, ಚಿಪ್ಪು ಬೇಗ ಹತ್ತುತ್ತವೆ. ಲೋಹ ಬೇಗ ಸವೆಯುತ್ತದೆ. ಬಿಸಿಲಿಗೆ ಪೆಟ್ರೋಲ್ ಪೈಪು ಬಿರಿಯುತ್ತದೆ. ಹಾಗಾಗಿ ಅಷ್ಟು ಸಣ್ಣ ಬೋಟನ್ನು ನೀರಿನಲ್ಲೇ ಕಟ್ಟಿಡದೆ ಟ್ರೇಲರ್ ಮೇಲೆ, ನೆರಳಿನಲ್ಲಿ ಇಡಲಿ. ಓಡಿಸಿದ ಮೇಲೆ ಪ್ರತಿ ಸಲ ಎಂಜಿನ್ನಿಗೆ ಸಿಹಿ ನೀರು ಹಾಯಿಸಲಿ.

ಎಂಜಿನ್ನಿನ ಕೆಳಭಾಗದಲ್ಲಿ ಬೂದು ಬಣ್ಣದ ಒಂದು ಲೋಹದ ಗಟ್ಟಿ ಇರುತ್ತದೆ. ಕೆಲಸದವರು ಅದಕ್ಕೆ ಜಿಂಕ್ ಅನ್ನುತ್ತಾರೆ. ಉಪ್ಪು ನೀರಿನಲ್ಲಿ ಬೇರೆ ಬೇರೆ ಲೋಹಗಳು ಸೇರಿದರೆ ಬ್ಯಾಟರಿಯಂತಾಗಿ ಒಂದು ಲೋಹ ಕರಗುತ್ತದೆ. ಎಂಜಿನ್ ಕರಗುವ ಬದಲು ಆ ಗಟ್ಟಿ ಕರಗಲಿ ಅಂತಲೇ ಅದನ್ನು ಬಿಗಿದಿರುತ್ತಾರೆ. ಸಮುದ್ರಕ್ಕೆ ಸತುವಿನದು ಅಥವಾ ಅಲ್ಯುಮಿನಿಯಮ್ಮಿನದು ಸರಿ. ಮೆಗ್ನೀಸಿಯಮ್ಮಿನದು ಕೆರೆ, ಹೊಳೆಯ ಸಿಹಿ ನೀರಿಗೆ, ಉಪ್ಪು ನೀರಿನಲ್ಲಿ ನೋಡನೋಡುತ್ತ ಮುಗಿದುಹೋಗುತ್ತದೆ. ಕಾರವಾರದಲ್ಲಿ ಒಬ್ಬರು ತಮ್ಮ ಎಂಜಿನ್ ತೋರಿಸಿ, "ಎರಡು ವರ್ಷವಾಯಿತು, ಜಿಂಕ್ ಇನ್ನೂ ಹೊಸದರಂತಿದೆ" ಅಂತ ಹೆಮ್ಮೆಪಟ್ಟರು. ಬಗ್ಗಿ ನೋಡಿದೆ. ಎಂಜಿನ್ನಿಗೆ ಬಣ್ಣ ಹೊಡೆಯುವಾಗ ಅದರ ಮೇಲೂ ಹೊಡೆದಿದ್ದರು. ಬಣ್ಣದೊಳಗೆ ಅದಕ್ಕೆ ನೀರೇ ತಾಗಿರಲಿಲ್ಲ. ಪಕ್ಕದ ಗೇರ್ ಬಾಕ್ಸಿನ ಮೈಮೇಲೆ ನನ್ನ ಕಿರುಬೆರಳಿನ ಉಗುರು ಇಳಿಯುವಷ್ಟು ಗುಳಿಗಳು ಬಿದ್ದಿದ್ದವು.

ಬೋಟು ಟ್ರೇಲರ್ ಹತ್ತಿದ ದಿನ ಎಂಜಿನ್ ಕಣ್ಣಿನ ಮಟ್ಟಕ್ಕೆ ಬಂದಿರುತ್ತದೆ. ಮಗ ಆಗಲೇ ಆ ಗಟ್ಟಿಯನ್ನು ನೋಡಲಿ. ಅರ್ಧ ಕರಗಿದ್ದರೆ ಸೌತಾಂಪ್ಟನ್‌ನಲ್ಲೇ ಹೊಸದು ಕೊಂಡು ಹಾಕಲಿ, ಇನ್ನೊಂದು ಡಬ್ಬಿಯಲ್ಲಿ ಇಟ್ಟುಕೊಳ್ಳಲಿ. ಒಂದೆರಡು ಬೋಲ್ಟು, ಹತ್ತು ನಿಮಿಷದ ಕೆಲಸ.