ಕಾಮಾಲೆಗೆ ನೆಲನೆಲ್ಲಿ ಸಾಕಲ್ವಾ?

ಪ್ರಶ್ನೆ: ನಮ್ಮ ಮಾವನವರಿಗೆ ಹೆಪಟೈಟಿಸ್ ಬಿ ಇದೆ ಅಂತ ರಿಪೋರ್ಟ್ ಬಂದಿದೆ. ಕಾಮಾಲೆಗೆ ನಾಟಿ ಔಷಧಿ ಕೊಡುವವರು, 'ನೆಲನೆಲ್ಲಿ ಅರೆದು ಮೂರು ದಿನ ಕುಡಿಸಿ, ಹೋಗುತ್ತೆ' ಅಂತಾರೆ. ನಿಜಾನಾ?

ಉತ್ತರ: ಚಿಕ್ಕವನಿದ್ದಾಗ ನನಗೂ ಕಾಮಾಲೆ ಆಗಿತ್ತು. ಅಜ್ಜಿ ನೆಲನೆಲ್ಲಿಯನ್ನು ಬೇರು ಸಮೇತ ಕಿತ್ತು, ಅರೆದು, ಮಜ್ಜಿಗೆಯಲ್ಲಿ ಕದಡಿ ಬೆಳಗ್ಗೆ ಬರಿಹೊಟ್ಟೆಗೆ ಕುಡಿಸಿದ್ದರು. ಆ ಕಹಿ ಇನ್ನೂ ನಾಲಿಗೆಯ ಮೇಲಿದೆ. ಕಾಮಾಲೆಯೂ ಹೋಯಿತು. ಹಾಗಾಗಿ ನಿಮ್ಮ ಪ್ರಶ್ನೆಯನ್ನು ಸುಮ್ನೆ ತಳ್ಳಿಹಾಕಲು ಮನಸ್ಸಿಲ್ಲ. ಅದೂ ಅಲ್ಲದೆ, ಲಿವರ್‌ಗೆ ತಗುಲುವ ಹೆಪಟೈಟಿಸ್ ಬಿ ವೈರಸ್ಸನ್ನು ಪತ್ತೆ ಮಾಡಿ ನೊಬೆಲ್ ಪಡೆದ ವಿಜ್ಞಾನಿಯೇ ಈ ಗಿಡದ ಹಿಂದೆ ಬಿದ್ದಿದ್ದರು!

ಅವರ ಹೆಸರು ಬರೂಕ್ ಬ್ಲಂಬರ್ಗ್. 1925ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದವರು. ಮೊದಲಿಗೆ ಲಿವರ್ ಅವರ ವಿಷಯವೇ ಅಲ್ಲ. ಮೆಡಿಕಲ್ ಓದುವಾಗ ದಕ್ಷಿಣ ಅಮೆರಿಕದ ಸುರಿನಾಮ್‌ನಲ್ಲಿ, ಒಂದು ಗಣಿ ಊರಿನಲ್ಲಿ ಕೆಲವು ತಿಂಗಳು ಇದ್ದರು. ಅಲ್ಲಿ ಕೆಲವರಿಗೆ ಆನೆಕಾಲು ರೋಗ ಜಾಸ್ತಿ, ಕೆಲವರಿಗೆ ಕಡಿಮೆ. ಊರು ಒಂದೇ, ಸೊಳ್ಳೆಯೂ ಅದೇ. ಹಾಗಾದರೆ ವ್ಯತ್ಯಾಸ ರಕ್ತದಲ್ಲಿದೆಯಾ? ಈ ಪ್ರಶ್ನೆಯ ಬೆನ್ನು ಹತ್ತಿ ದೇಶದೇಶದ ಜನರ ರಕ್ತ ಕೂಡಿಹಾಕತೊಡಗಿದರು.

ಅವರ ಪರೀಕ್ಷೆ ತುಂಬಾ ಸರಳ. ಜೆಲ್ಲಿಯಂಥ ಪದರದಲ್ಲಿ ಚಿಕ್ಕ ಚಿಕ್ಕ ಕುಳಿ. ನಡುವಿನ ಕುಳಿಗೆ, ಹತ್ತಾರು ಸಲ ರಕ್ತ ಹಾಕಿಸಿಕೊಂಡ ರೋಗಿಯ ಸೀರಮ್, ಅಂದರೆ ರಕ್ತದ ತಿಳಿ. ಬೇರೆಯವರ ರಕ್ತದಲ್ಲಿನ ಹೊರಗಿನ ವಸ್ತುಗಳನ್ನು ಗುರುತಿಸಿ ಹಿಡಿಯುವ ಪ್ರತಿಕಾಯಗಳು ಇಂಥವರಲ್ಲಿ ಬೆಳೆದಿರುತ್ತವೆ. ಸುತ್ತಲಿನ ಕುಳಿಗಳಿಗೆ ಬೇರೆ ಬೇರೆಯವರದ್ದು. ಎರಡೂ ಜೆಲ್ಲಿಯೊಳಗೆ ಹರಡುತ್ತವೆ. ಒಂದಕ್ಕೊಂದು ತಾಳೆಯಾದರೆ ನಡುವೆ ಸಣ್ಣ ಗೆರೆ ಮೂಡುತ್ತದೆ. 1960ರ ದಶಕದ ಆರಂಭದಲ್ಲಿ ಹಿಮೋಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ರೋಗಿಯೊಬ್ಬರ ಸೀರಮ್ಮನ್ನು 24 ಜನರದ್ದರ ಜೊತೆ ಇಟ್ಟು ನೋಡಿದರು. ಗೆರೆ ಮೂಡಿದ್ದು ಒಂದರಲ್ಲಿ ಮಾತ್ರ. ಆ ರಕ್ತ ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರದು. ಪ್ರತಿಕಾಯ ಹಿಡಿಯುವ ವಸ್ತುವಿಗೆ ಆಂಟಿಜೆನ್ ಅಂತಾರೆ. ಹೀಗೆ ಆ ರಕ್ತದಲ್ಲಿದ್ದ ವಸ್ತುವಿಗೆ 'ಆಸ್ಟ್ರೇಲಿಯಾ ಆಂಟಿಜೆನ್' ಅನ್ನೋ ಹೆಸರು ಬಂತು.

ಅದು ಏನು ಅಂತ ಮಾತ್ರ ಗೊತ್ತಾಗಲಿಲ್ಲ. ರಕ್ತದ ಕ್ಯಾನ್ಸರ್‌ಗೆ ಸಂಬಂಧಿಸಿದ್ದಿರಬೇಕು ಅಂದುಕೊಂಡು ವರ್ಷಗಟ್ಟಲೆ ಆ ದಾರಿಯಲ್ಲೇ ಹೋದರು. 1967ರಲ್ಲಿ ಅವರ ಲ್ಯಾಬಿನ ಟೆಕ್ನಿಷಿಯನ್ ಒಬ್ಬರಿಗೆ ಮೈ ಹುಷಾರು ತಪ್ಪಿತು. ಅನುಮಾನ ಬಂದು ಆಕೆ ತನ್ನದೇ ರಕ್ತವನ್ನು ಆ ಕುಳಿಗೆ ಹಾಕಿದರು. ಮರುದಿನ ಬೆಳಗ್ಗೆ ನೋಡಿದರೆ ಮಸುಕಾದ ಗೆರೆ! ಆಮೇಲೆ ಆಕೆಗೆ ಕಾಮಾಲೆಯೂ ಬಂತು. ಇಂಥ ಸುಳಿವುಗಳು ಒಂದೊಂದಾಗಿ ಸೇರಿ, ತಾವು ನೋಡುತ್ತಿದ್ದದ್ದು ಹೆಪಟೈಟಿಸ್ ವೈರಸ್ಸಿನ ಹೊರಕವಚ ಅನ್ನೋದು ಬಯಲಾಯಿತು.

1969ರಲ್ಲಿ ಅವರೂ ಇರ್ವಿಂಗ್ ಮಿಲ್ಮನ್ ಅವರೂ ಆ ಕವಚದಿಂದಲೇ ಲಸಿಕೆ ಮಾಡುವ ದಾರಿ ತೋರಿಸಿದರು. 1976ರಲ್ಲಿ ನೊಬೆಲ್. 1981ರಲ್ಲಿ ಅಮೆರಿಕದಲ್ಲಿ ಲಸಿಕೆಗೆ ಒಪ್ಪಿಗೆ. 1986ರಲ್ಲಿ ಬ್ಲಂಬರ್ಗ್ ಅತಿಥಿ ಪ್ರಾಧ್ಯಾಪಕರಾಗಿ ಬೆಂಗಳೂರಿಗೂ ಬಂದಿದ್ದರು.

ಈಗ ನೆಲನೆಲ್ಲಿಗೆ ಬರೋಣ. 1988ರಲ್ಲಿ ಬ್ಲಂಬರ್ಗ್ ಮತ್ತು ಮದರಾಸಿನ ಸಂಶೋಧಕರು ಸೇರಿ ಒಂದು ವರದಿ ಪ್ರಕಟಿಸಿದರು. ರಕ್ತದಲ್ಲಿ ಈ ವೈರಸ್ ಉಳಿದುಕೊಂಡಿದ್ದ 37 ಜನರಿಗೆ 30 ದಿನ ನೆಲನೆಲ್ಲಿ ಪುಡಿಯ ಕ್ಯಾಪ್ಸೂಲ್ ಕೊಟ್ಟಿದ್ದರು. 22 ಜನರಲ್ಲಿ ಆಂಟಿಜೆನ್ ಕಾಣೆಯಾಗಿತ್ತು. ಔಷಧಿ ಇಲ್ಲದ ಕ್ಯಾಪ್ಸೂಲ್ ನುಂಗಿದ 23 ಜನರಲ್ಲಿ ಒಬ್ಬರಿಗೆ ಮಾತ್ರ ಹಾಗಾಗಿತ್ತು. ದೊಡ್ಡ ಸುದ್ದಿ, ಅಲ್ವಾ? ಆದರೆ ಥಾಯ್ಲೆಂಡ್‌ನವರು ಅದೇ ಗಿಡ ಕೊಟ್ಟು ನೋಡಿದಾಗ ಆ ಫಲ ಸಿಗಲಿಲ್ಲ. ಬೇರೆಯವರಿಗೂ ನಂಬುವಂಥ ಸಾಕ್ಷಿ ಸಿಗಲಿಲ್ಲ. ಹೆಸರುವಾಸಿ ವಿಜ್ಞಾನಿಯ ಹೆಸರಿದ್ದರೂ ವಿಜ್ಞಾನ ರಿಯಾಯಿತಿ ಕೊಡಲಿಲ್ಲ. ಇದು ನನಗೆ ತುಂಬಾ ಇಷ್ಟವಾದ ಸಂಗತಿ.

ಮತ್ತೆ ನನ್ನ ಕಾಮಾಲೆ ಹೋಗಿದ್ದು ಹೇಗೆ? ನಮ್ಮಲ್ಲಿ ಮಕ್ಕಳಿಗೆ ಬರುವ ಕಾಮಾಲೆ ಹೆಚ್ಚಾಗಿ ಕೊಳಕು ನೀರಿನಿಂದ ಹರಡುವ ಹೆಪಟೈಟಿಸ್ ಎ. ಅದು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿಯೇ ಹೋಗುತ್ತದೆ. ಹೊಸದಾಗಿ ಬಿ ತಗುಲಿದ ದೊಡ್ಡವರಲ್ಲೂ ಸುಮಾರು 95% ಜನರ ದೇಹ ವೈರಸ್ಸನ್ನು ತಾನೇ ಓಡಿಸುತ್ತದೆ. ಅಷ್ಟರಲ್ಲಿ ಯಾವ ಗಿಡ ಅರೆದು ಕುಡಿದರೂ ಹೆಸರು ಆ ಗಿಡಕ್ಕೇ! ಆದರೆ ಹುಟ್ಟುವಾಗ ತಾಯಿಯಿಂದ ಬಂದರೆ ಲೆಕ್ಕ ತಿರುಗಿಬೀಳುತ್ತದೆ. ಸುಮಾರು 90% ಮಕ್ಕಳಲ್ಲಿ ವೈರಸ್ ಹಾಗೇ ಉಳಿದುಬಿಡುತ್ತದೆ. ಹುಟ್ಟಿದ 24 ಗಂಟೆಯೊಳಗೆ ಮೊದಲ ಲಸಿಕೆ ಹಾಕಿಸಿ ಅನ್ನೋದು ಅದಕ್ಕೇ.

ಮಾವನವರ ವಿಷಯದಲ್ಲಿ ಗಾಬರಿ ಬೇಡ. ಆರು ತಿಂಗಳಾದರೂ ಪಾಸಿಟಿವ್ ಇದ್ದರೆ ವೈರಸ್ ಉಳಿದಿದೆ ಅಂತ ಅರ್ಥ. ಆಗ ರಕ್ತದಲ್ಲಿ ಅದು ಎಷ್ಟಿದೆ, ಲಿವರ್ ಹೇಗಿದೆ ಅಂತ ನೋಡಿ ಮಾತ್ರೆ ಬೇಕಾ ಬೇಡವಾ ಅಂತ ಡಾಕ್ಟರು ಹೇಳುತ್ತಾರೆ. ಟೆನೊಫೊವಿರ್‌ನಂಥ ಮಾತ್ರೆ ವೈರಸ್ಸನ್ನು ಅದುಮಿಡುತ್ತದೆ. 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ. ಮಾತ್ರೆ ಶುರುವಾದ ಮೇಲೆ ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು. ಮನೆಯವರೆಲ್ಲ ಪರೀಕ್ಷೆ ಮಾಡಿಸಿ, ನೆಗೆಟಿವ್ ಇದ್ದವರು ಲಸಿಕೆ ಹಾಕಿಸಿಕೊಳ್ಳಿ. ಒಂದೇ ತಟ್ಟೆಯಲ್ಲಿ ಉಂಡರೆ ಹರಡುವುದಿಲ್ಲ. ರೇಜರ್ ಮಾತ್ರ ಬೇರೆ ಇರಲಿ.

ಅಂದಹಾಗೆ, ಆ ರಿಪೋರ್ಟನ್ನು ಇನ್ನೊಮ್ಮೆ ನೋಡಿ. ಎಚ್‌ಬಿಎಸ್‌ಎಜಿ (HBsAg, ಹೆಪಟೈಟಿಸ್ ಬಿ ಹೊರಕವಚದ ಆಂಟಿಜೆನ್) ಅಂತ ಇರುವ ಕಡೆ, ಪಕ್ಕದಲ್ಲಿ ಕೆಲವು ಲ್ಯಾಬ್‌ನವರು 'ಆಸ್ಟ್ರೇಲಿಯಾ ಆಂಟಿಜೆನ್' ಅಂತಲೂ ಬರೆದಿರುತ್ತಾರೆ. ಆ ಜೆಲ್ಲಿಯ ಮೇಲೆ ಗೆರೆ ಎಳೆದದ್ದು ಅದೇ.