ಪದ ಪರಿಚಯ: ಆನ್‌ಲೈನ್ ಪರೀಕ್ಷಾ ವೇದಿಕೆ

ವಿಶ್ವವಿದ್ಯಾಲಯವೊಂದು ಕಂಪ್ಯೂಟರಿನಲ್ಲಿ ಪರೀಕ್ಷೆ ನಡೆಸಲು ಬಳಸುವ ಇಡೀ ತಂತ್ರಾಂಶಕ್ಕೆ ಆನ್‌ಲೈನ್ ಪರೀಕ್ಷಾ ವೇದಿಕೆ ಅನ್ನುತ್ತಾರೆ. ಪ್ರಶ್ನೆಗಳನ್ನು ಕೂಡಿಡುವುದು, ಹೊತ್ತಿಗೆ ಸರಿಯಾಗಿ ತೆರೆಯುವುದು, ಬರೆದ ಉತ್ತರವನ್ನು ಉಳಿಸುವುದು, ಕಾಪಿ ಆಗದಂತೆ ನೋಡಿಕೊಳ್ಳುವುದು, ಮೌಲ್ಯಮಾಪನ, ಅಂಕ, ಆಮೇಲೆ ಬರುವ ತಕರಾರು ಎಲ್ಲವೂ ಇದರ ಕೆಲಸವೇ. ಮೇಷ್ಟ್ರೊಬ್ಬರು ಗೂಗಲ್ ಫಾರ್ಮ್‌ನಲ್ಲಿ ಹತ್ತು ಪ್ರಶ್ನೆ ಹಾಕಿ ವಾಟ್ಸಾಪ್ ಗುಂಪಿಗೆ ಕಳಿಸಿದರೆ ಕ್ಲಾಸ್ ಟೆಸ್ಟಿಗೆ ಸಾಕು. ಪದವಿಯ ಅಂಕಪಟ್ಟಿಗೆ ಹೋಗುವ ಪರೀಕ್ಷೆಗೆ ಅದು ಸಾಲದು. ಯುಯುಸಿಎಂಎಸ್ ಎಂಬ ಸರ್ಕಾರಿ ಜಾಲತಾಣ ಕೂಡ ಇದಲ್ಲ. ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳ ಪ್ರವೇಶ, ಪರೀಕ್ಷಾ ಅರ್ಜಿ, ಫಲಿತಾಂಶ ಅಲ್ಲಿ ನಡೆಯುತ್ತವೆ. ವಿದ್ಯಾರ್ಥಿ ಕೂತು ಉತ್ತರ ಬರೆಯುವ ಜಾಗ ಬೇರೆ.

ಕಂಪ್ಯೂಟರ್ ಪರೀಕ್ಷೆ ಹೊಸದೇನಲ್ಲ. ಐಐಎಂಗಳ ಎಂಬಿಎ ಪ್ರವೇಶದ ಕ್ಯಾಟ್ ಪರೀಕ್ಷೆ 2009ರಲ್ಲೇ ಕಾಗದ ಬಿಟ್ಟಿತು. ಆದರೆ ಅದು ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆ. ಮನೆಯಿಂದಲೇ ಬರೆಯುವ ಮಾತು ಜೋರಾಗಿ ಕೇಳಿಬಂದದ್ದು ಕೊರೊನಾ ಕಾಲದಲ್ಲಿ. 2020ರ ಜುಲೈನಲ್ಲಿ ಯುಜಿಸಿ, ಕೊನೆಯ ವರ್ಷದವರ ಪರೀಕ್ಷೆಯನ್ನು ಸೆಪ್ಟೆಂಬರ್ ಒಳಗೆ ಮುಗಿಸಿ, ಆನ್‌ಲೈನ್ ಆದರೂ ಸರಿ, ಪೆನ್ನು ಕಾಗದ ಆದರೂ ಸರಿ, ಎರಡೂ ಸೇರಿದರೂ ಸರಿ ಎಂದು ಹೇಳಿತು. ಆಗಿನಿಂದ ವೇದಿಕೆ ಮಾರುವವರು ಜಾಸ್ತಿಯಾಗಿದ್ದಾರೆ. ಯಾವುದನ್ನು ಆರಿಸಬೇಕು ಅನ್ನುವ ಪ್ರಶ್ನೆ ಪರೀಕ್ಷಾಂಗ ಕುಲಸಚಿವರ ಮೇಜಿಗೂ ಬಂದಿದೆ, ಕಾಲೇಜಿನ ಸ್ಟಾಫ್ ರೂಮಿಗೂ ಬಂದಿದೆ.

ಮೈಸೂರು ಮಂಡ್ಯದಲ್ಲಿ ಇದಕ್ಕೆ ಒಂದೇ ಉತ್ತರ ಇರಲು ಸಾಧ್ಯವಿಲ್ಲ. 1916ರಲ್ಲಿ ಶುರುವಾದ ಮೈಸೂರು ವಿಶ್ವವಿದ್ಯಾಲಯದ ಜೊತೆ ಊರೂರಿನ ಪದವಿ ಕಾಲೇಜುಗಳಿವೆ. 1996ರಲ್ಲಿ ಬಂದ ಮುಕ್ತ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಲ್ಲಿ ಅನೇಕರು ಕೆಲಸ ಮಾಡಿಕೊಂಡು ಓದುವವರು, ರಾಜ್ಯದ ಎಲ್ಲ ಕಡೆ ಇದ್ದಾರೆ. ಮಂಡ್ಯದ ಪಿಇಎಸ್ ಇಂಜಿನಿಯರಿಂಗ್ ಕಾಲೇಜಿನಂಥ ಸ್ವಾಯತ್ತ ಸಂಸ್ಥೆಯಲ್ಲಿ ಕಂಪ್ಯೂಟರ್ ಲ್ಯಾಬುಗಳಿವೆ, ಮಕ್ಕಳಿಗೆ ಕೀಬೋರ್ಡ್ ಅಭ್ಯಾಸವಿದೆ. ಇಂಜಿನಿಯರಿಂಗ್ ಲ್ಯಾಬಿಗೆ ಒಪ್ಪುವ ವೇದಿಕೆ ಸರಗೂರಿನ ಬಿ.ಎ. ಕ್ಲಾಸಿಗೂ ಒಪ್ಪುತ್ತದೆ ಅಂತ ಸುಮ್ನೆ ಅಂದುಕೊಳ್ಳಬಾರದು.

ಮಾರಲು ಬಂದ ಕಂಪನಿಯವರು ಸಾಮಾನ್ಯವಾಗಿ ಕ್ಯಾಮೆರಾ ಕಣ್ಗಾವಲಿನಿಂದ ಮಾತು ಶುರು ಮಾಡುತ್ತಾರೆ. ಅದು ಆಮೇಲೆ ಇರಲಿ. ನಾನು ಮೊದಲು ಕೇಳುವ ಪ್ರಶ್ನೆ ಬೇರೆ. ಹತ್ತು ಗಂಟೆಗೆ ಪರೀಕ್ಷೆ ಶುರುವಾಗಿದೆ. ಹತ್ತು ನಲವತ್ತಕ್ಕೆ ಕೆ.ಆರ್. ಪೇಟೆಯ ಕಾಲೇಜಿನಲ್ಲಿ ಕರೆಂಟ್ ಹೋಯಿತು. ಅಲ್ಲಿ ಬರೆಯುತ್ತಿದ್ದ ಹುಡುಗಿಯ ಉತ್ತರ ಏನಾಗುತ್ತದೆ? ಮತ್ತೆ ಲಾಗಿನ್ ಆದಾಗ ಬರೆದದ್ದೆಲ್ಲ ಹಾಗೇ ಇರುತ್ತದಾ? ಬೇರೆ ಕಂಪ್ಯೂಟರಿಗೆ ಹೋಗಿ ಮುಂದುವರಿಸಬಹುದಾ? ಕಳೆದುಹೋದ ಸಮಯವನ್ನು ಯಾರು, ಯಾವ ಅಧಿಕಾರದಿಂದ ವಾಪಸ್ ಕೊಡುತ್ತಾರೆ? ಇದಕ್ಕೆ ನೇರ ಉತ್ತರ ಕೊಡದ ವೇದಿಕೆಯನ್ನು ಬೆಲೆ ಎಷ್ಟೇ ಕಡಿಮೆ ಇದ್ದರೂ ತೆಗೆದುಕೊಳ್ಳಬಾರದು.

ಒಳ್ಳೆಯ ವೇದಿಕೆ ವಿದ್ಯಾರ್ಥಿ ಬರೆಯುತ್ತಿರುವಾಗಲೇ ಉತ್ತರವನ್ನು ಉಳಿಸುತ್ತಾ ಹೋಗುತ್ತದೆ, ಸಬ್ಮಿಟ್ ಒತ್ತುವವರೆಗೆ ಕಾಯುವುದಿಲ್ಲ. 2002ರಲ್ಲಿ ಆಸ್ಟ್ರೇಲಿಯಾದಿಂದ ಬಂದ ಮೂಡಲ್ ಎಂಬ ಮುಕ್ತ ತಂತ್ರಾಂಶದಲ್ಲಿ ನಾವು ಏನೂ ಬದಲಿಸದಿದ್ದರೆ ಇದು ನಿಮಿಷಕ್ಕೊಮ್ಮೆ ಆಗುತ್ತದೆ, ಬೇಕಾದರೆ ಆ ಅವಧಿಯನ್ನು ಬದಲಿಸಿಕೊಳ್ಳಬಹುದು. ಮೂಡಲ್‌ಗೆ ಲೈಸೆನ್ಸ್ ಹಣ ಇಲ್ಲ. ಆದರೆ ಸರ್ವರ್ ಬೇಕು, ಅದನ್ನು ನೋಡಿಕೊಳ್ಳಲು ಕೆಲಸ ಬಲ್ಲವರು ಬೇಕು. ಪುಕ್ಕಟೆ ಅಂತ ಹಾಕಿಕೊಂಡು ಆ ಮನುಷ್ಯರನ್ನೇ ನೇಮಿಸದಿದ್ದರೆ ಪರೀಕ್ಷೆಯ ದಿನ ಯಾರನ್ನು ಕರೆಯುವುದು?

ಸರ್ವರಿನ ಹೊರೆ ಹಗುರ ವಿಷಯವಲ್ಲ. ಉದಾಹರಣೆಗೆ ಮೂರು ಸಾವಿರ ಮಂದಿ ಪರೀಕ್ಷೆ ಬರೆಯುತ್ತಾರೆ ಅನ್ನಿ. ದಿನವಿಡೀ ಒಬ್ಬೊಬ್ಬರೇ ಬಂದರೆ ಸಾಧಾರಣ ಸರ್ವರ್ ಕೂಡ ತಡೆಯುತ್ತದೆ. ಅವರೆಲ್ಲ ಹತ್ತು ಗಂಟೆಗೆ ಒಂದೇ ಸಲ ಲಾಗಿನ್ ಒತ್ತಿದಾಗ ಅದು ನಿಂತುಹೋಗಬಹುದು. ಒಟ್ಟು ಎಷ್ಟು ವಿದ್ಯಾರ್ಥಿಗಳನ್ನು ಸೇರಿಸಬಹುದು ಅನ್ನುವ ಲೆಕ್ಕದಿಂದ ಏನೂ ತಿಳಿಯುವುದಿಲ್ಲ. ಒಂದೇ ಗಳಿಗೆಯಲ್ಲಿ ಎಷ್ಟು ಜನ ಎಂದು ಕೇಳಬೇಕು, ಅದನ್ನು ಮಾಡಿ ತೋರಿಸಿ ಅನ್ನಬೇಕು.

ಇನ್ನು ಕನ್ನಡ. ವೇದಿಕೆಯ ಗುಂಡಿಗಳ ಮೇಲೆ ಕನ್ನಡ ಕಂಡ ಕೂಡಲೇ ಕನ್ನಡ ಬೆಂಬಲ ಇದೆ ಎಂದು ಟಿಕ್ ಹಾಕಿಬಿಡುತ್ತಾರೆ. ತೊಂದರೆ ಇರುವುದು ಒಳಗೆ. ನಮ್ಮ ಅಧ್ಯಾಪಕರ ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ ಬಹಳಷ್ಟು ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿವೆ. ಅವು ಯೂನಿಕೋಡ್ ಅಲ್ಲ, ಅಂದರೆ ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತದಲ್ಲಿಲ್ಲ. ಹಾಗೇ ಅಂಟಿಸಿದರೆ ತೆರೆಯ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಆಗ ಯಾರೋ ಸುಲಭದ ದಾರಿ ಹಿಡಿಯುತ್ತಾರೆ. ಪ್ರಶ್ನೆಯ ಫೋಟೋ ತೆಗೆದು ಹಾಕುತ್ತಾರೆ. ಫೋಟೋ ಮೊಬೈಲಿನಲ್ಲಿ ಮಸುಕಾಗುತ್ತದೆ. ಕಣ್ಣು ಕಾಣದ ವಿದ್ಯಾರ್ಥಿಯ ಸ್ಕ್ರೀನ್ ರೀಡರ್ ಅದನ್ನು ಓದಲಾರದು. ಎಲ್ಲವನ್ನೂ ಯೂನಿಕೋಡ್‌ಗೆ ಬದಲಿಸಿ, ಒತ್ತಕ್ಷರ ಸರಿಯಿದೆಯಾ ಎಂದು ಒಬ್ಬರು ಕೂತು ಓದಿ ನೋಡುವುದು ಬೇಸರದ ಕೆಲಸ ನಿಜ. ಮಾಡಲೇಬೇಕು.

ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳಲ್ಲಿ ಮತ್ತೊಂದು ತೊಡಕಿದೆ. ಮೈಸೂರು ವಿಶ್ವವಿದ್ಯಾಲಯ ಶುರುವಾದ ವರ್ಷ ಯಾವುದು ಎಂಬ ಪ್ರಶ್ನೆಗೆ ವಿದ್ಯಾರ್ಥಿ ೧೯೧೬ ಎಂದು ಕನ್ನಡ ಅಂಕಿಯಲ್ಲಿ ಬರೆದರೆ, ಕೀಲಿ ಉತ್ತರದಲ್ಲಿ 1916 ಮಾತ್ರ ಇದ್ದರೆ, ಕಂಪ್ಯೂಟರ್ ತಪ್ಪು ಎಂದು ಸೊನ್ನೆ ಕೊಡಬಹುದು. ‘ಕಾರ್ಯ’ ಎಂದು ಬರೆದರೂ ‘ಕಾರ‍್ಯ’ ಎಂದು ಬರೆದರೂ ನಮಗೆ ಪದ ಒಂದೇ, ಯಂತ್ರಕ್ಕೆ ಎರಡು. ಒಪ್ಪಬಹುದಾದ ರೂಪಗಳನ್ನೆಲ್ಲ ಕೀಲಿ ಉತ್ತರದಲ್ಲಿ ಸೇರಿಸಲು ಬರುವ, ಇಲ್ಲವೇ ಅಧ್ಯಾಪಕರು ಮತ್ತೆ ನೋಡಿ ತಿದ್ದಬಹುದಾದ ವೇದಿಕೆಯೇ ಬೇಕು.

ದೀರ್ಘ ಉತ್ತರದ ಮಾತು ಇನ್ನೂ ಕಷ್ಟ. ಈಗಿನ ಮಕ್ಕಳು ಮೊಬೈಲಿನಲ್ಲಿ ಕನ್ನಡವನ್ನು ಚಕಚಕನೆ ಟೈಪ್ ಮಾಡುತ್ತಾರೆ. ಅದೇ ಹುಡುಗನನ್ನು ಇನ್‌ಸ್ಕ್ರಿಪ್ಟ್ ಎಂಬ ಭಾರತೀಯ ಭಾಷೆಗಳ ಕೀಲಿ ಜೋಡಣೆಯ ಕೀಬೋರ್ಡಿನ ಮುಂದೆ ಕೂರಿಸಿದರೆ ಅಕ್ಷರ ಹುಡುಕುವುದರಲ್ಲೇ ಗಂಟೆ ಕಳೆದುಹೋಗುತ್ತದೆ. ಅವನ ಇತಿಹಾಸದ ತಿಳಿವಳಿಕೆ ಅಳೆಯಲು ಹೋಗಿ ಟೈಪಿಂಗ್ ಅಳೆದಂತಾಗುತ್ತದೆ. ಅಂಥ ಪತ್ರಿಕೆಗಳಿಗೆ ಉತ್ತರವನ್ನು ಕಾಗದದಲ್ಲೇ ಬರೆಸಿ, ಸ್ಕ್ಯಾನ್ ಮಾಡಿ, ಮೌಲ್ಯಮಾಪನವನ್ನು ಮಾತ್ರ ತೆರೆಯ ಮೇಲೆ ಮಾಡುವುದು ನನ್ನ ದೃಷ್ಟಿಯಲ್ಲಿ ನ್ಯಾಯ. ಪೂರ್ತಿ ಆನ್‌ಲೈನ್ ಮಾಡಲೇಬೇಕು ಅನ್ನುವ ಹಟ ಬೇಡ.

ಕಣ್ಗಾವಲಿಗೆ ಪ್ರಾಕ್ಟರಿಂಗ್ ಅನ್ನುತ್ತಾರೆ. ಮನುಷ್ಯರು ಕ್ಯಾಮೆರಾದಲ್ಲಿ ನೇರವಾಗಿ ನೋಡುವುದು ಒಂದು ಬಗೆ, ರೆಕಾರ್ಡ್ ಮಾಡಿ ಆಮೇಲೆ ನೋಡುವುದು ಇನ್ನೊಂದು. ತಂತ್ರಾಂಶವೇ ಮುಖ, ಸದ್ದು, ಕಣ್ಣಿನ ಚಲನೆ ನೋಡಿ ಅನುಮಾನದ ಗುರುತು ಹಾಕುವುದು ಮೂರನೆಯದು. ಈ ಮೂರನೆಯದರಲ್ಲಿ ಎಚ್ಚರ ಬೇಕು. ಒಂದೇ ಕೋಣೆಯ ಮನೆಯಲ್ಲಿ ಹಿಂದೆ ತಂಗಿ ಓಡಾಡಿದರೂ ಗುರುತು ಬೀಳುತ್ತದೆ. ಬೆಳಕು ಕಡಿಮೆಯಿದ್ದರೆ ಮುಖ ಕಾಣೆಯಾಯಿತು ಅನ್ನುತ್ತದೆ. ಆ ಗುರುತನ್ನು ಮನುಷ್ಯರೊಬ್ಬರು ನೋಡದೆ ಯಾರನ್ನೂ ಡಿಬಾರ್ ಮಾಡಬಾರದು. ಮುಖದ ವಿಡಿಯೋ ವೈಯಕ್ತಿಕ ಮಾಹಿತಿ. 2023ರಲ್ಲಿ ಇದಕ್ಕೆಂದೇ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ವಿಡಿಯೋ ಎಲ್ಲಿರುತ್ತದೆ, ಯಾವಾಗ ಅಳಿಸುತ್ತಾರೆ ಎಂಬುದು ಕರಾರಿನಲ್ಲೇ ಇರಬೇಕು.

ಇದಕ್ಕಿಂತ ಸರಳ ಸಾಧನವೂ ಉಂಟು. ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್‌ನಲ್ಲಿ ಬೆಳೆದ ಸೇಫ್ ಎಕ್ಸಾಮ್ ಬ್ರೌಸರ್ ಉಚಿತವಾಗಿ ಸಿಗುತ್ತದೆ. ಪರೀಕ್ಷೆ ಮುಗಿಯುವವರೆಗೆ ಬೇರೆ ಕಿಟಕಿ ತೆರೆಯಲು ಬಿಡುವುದಿಲ್ಲ. ವಿಂಡೋಸ್, ಮ್ಯಾಕ್, ಐಪ್ಯಾಡ್‌ಗಳಿಗೆ ಇದೆ, ಆಂಡ್ರಾಯ್ಡ್‌ಗೆ ಇಲ್ಲ. ನಮ್ಮ ಮಕ್ಕಳ ಕೈಯಲ್ಲಿ ಹೆಚ್ಚಾಗಿ ಇರುವುದು ಆಂಡ್ರಾಯ್ಡ್ ಫೋನೇ ಅಲ್ವಾ? ಹಾಗಾಗಿ ಇದು ಕಾಲೇಜಿನ ಲ್ಯಾಬಿಗೆ ಸರಿ. ಯುಪಿಎಸ್ ಇರುವ ಲ್ಯಾಬು, ಒಬ್ಬರು ಇನ್ವಿಜಿಲೇಟರ್, ಈ ಬ್ರೌಸರ್ ಮೂರೂ ಸೇರಿದರೆ ದುಬಾರಿ ಕ್ಯಾಮೆರಾ ಕಣ್ಗಾವಲಿಲ್ಲದೆ ನಂಬಬಹುದಾದ ಪರೀಕ್ಷೆ ನಡೆಯುತ್ತದೆ.

ಅಂಗವಿಕಲ ವಿದ್ಯಾರ್ಥಿಗಳಿಗೆ ಕೇಂದ್ರದ ಮಾರ್ಗಸೂಚಿಯಂತೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಸಮಯ ಸಿಗಬೇಕು. ಒಬ್ಬೊಬ್ಬರಿಗೆ ಬೇರೆ ಬೇರೆ ಸಮಯ ಕೊಡಲು ವೇದಿಕೆಯಲ್ಲಿ ಬರುತ್ತದೆಯೇ ನೋಡಿ. ಹಾಗೆಯೇ, ಮೌಲ್ಯಮಾಪನ ಆದ ತನ್ನ ಉತ್ತರಪತ್ರಿಕೆಯನ್ನು ಮಾಹಿತಿ ಹಕ್ಕಿನಡಿ ನೋಡುವ ಅಧಿಕಾರ ವಿದ್ಯಾರ್ಥಿಗಿದೆ ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಯಾವ ಹೊತ್ತಿಗೆ ಏನು ಬರೆದ, ಯಾವಾಗ ಸಂಪರ್ಕ ತಪ್ಪಿತು, ಅಂಕ ಯಾರು ತಿದ್ದಿದರು ಎಂಬ ದಾಖಲೆ ಉಳಿದಿರಬೇಕು. ಕೇಳಿದಾಗ ಪ್ರತಿ ತೆಗೆದುಕೊಡಲು ಬರಬೇಕು.

ಕೊಳ್ಳುವ ದಾರಿಯ ಬಗ್ಗೆಯೂ ಒಂದು ಮಾತು. ಸರ್ಕಾರಿ ವಿಶ್ವವಿದ್ಯಾಲಯ ಇದನ್ನು ಕೊಳ್ಳುವುದು ಸಾರ್ವಜನಿಕ ಖರೀದಿಗೆಂದು ಇರುವ ರಾಜ್ಯದ 1999ರ ಪಾರದರ್ಶಕತೆ ಕಾಯ್ದೆಯಡಿ ಟೆಂಡರ್ ಕರೆದು. ಟೆಂಡರಿನಲ್ಲಿ ಬರೆಯದೆ ಬಿಟ್ಟದ್ದು ಆಮೇಲೆ ಸಿಗುವುದಿಲ್ಲ. ಕರೆಂಟ್ ಹೋದಾಗಿನ ನಡೆ, ಒಂದೇ ಗಳಿಗೆಯ ಹೊರೆ, ಯೂನಿಕೋಡ್ ಕನ್ನಡ, ವಿಡಿಯೋ ಅಳಿಸುವ ದಿನ ಇವೆಲ್ಲ ಬೆಲೆಗೆ ಮೊದಲು ನೋಡುವ ತಾಂತ್ರಿಕ ಲಕೋಟೆಯಲ್ಲೇ ಷರತ್ತಾಗಿ ಬರಲಿ. ಒಪ್ಪುವ ಮೊದಲು ಒಂದು ಅಣಕು ಪರೀಕ್ಷೆ ನಡೆಸಿ. ಅದನ್ನು ಮಾನಸಗಂಗೋತ್ರಿಯ ಒಳ್ಳೆಯ ಲ್ಯಾಬಿನಲ್ಲಿ ಮಾಡಬೇಡಿ. ಎಚ್.ಡಿ. ಕೋಟೆ, ನಾಗಮಂಗಲ ಕಡೆಯ ಕಾಲೇಜಿನಲ್ಲಿ, ಕನ್ನಡ ಮಾಧ್ಯಮದ ಮಕ್ಕಳನ್ನು ಕೂರಿಸಿ, ನಡುವೆ ಬೇಕೆಂದೇ ನೆಟ್ ತೆಗೆದು ನೋಡಿ. ಮತ್ತೆ, ಕರಾರು ಮುಗಿದ ದಿನ ಅಧ್ಯಾಪಕರು ವರ್ಷಗಟ್ಟಲೆ ಕೂತು ಬರೆದ ಪ್ರಶ್ನೆಕೋಶ ಕಂಪನಿಯ ಹತ್ತಿರವೇ ಉಳಿಯಬಾರದು. ಕ್ಯೂಟಿಐ, ಮೂಡಲ್ ಎಕ್ಸ್‌ಎಂಎಲ್‌ನಂಥ ಎಲ್ಲರೂ ತೆರೆಯಬಲ್ಲ ರೂಪದಲ್ಲಿ ಅದನ್ನು ಪೂರ್ತಿ ಹಿಂದಿರುಗಿಸಬೇಕು ಎಂಬ ಷರತ್ತನ್ನೂ ಅದೇ ಟೆಂಡರಿನಲ್ಲಿ ಸೇರಿಸಿ.