ಕೋಟೆ ನೋಡಲು ಬಂದವರ ರೂಮಿನ ತೆರಿಗೆ: ಕಟ್ಟುವವರು ಯಾರು, ಊರಿಗೆ ಸಿಗುವುದೇನು?

ಚಿತ್ರದುರ್ಗದ ಕೋಟೆ ಬುಡದಲ್ಲಿ ನಮ್ಮ ಚಿಕ್ಕಮ್ಮನ ಮನೆ ಇದೆ. ಮಕ್ಕಳಿಬ್ಬರೂ ಬೆಂಗಳೂರು ಸೇರಿದ ಮೇಲೆ ಮಹಡಿಯ ಎರಡು ರೂಮು ಖಾಲಿ ಬಿದ್ದಿದ್ದವು. ಚಿಕ್ಕಮ್ಮ ಸುಣ್ಣ ಹೊಡೆಸಿ, ಗೀಸರ್ ಹಾಕಿಸಿ, ಪ್ರವಾಸೋದ್ಯಮ ಇಲಾಖೆಯಲ್ಲಿ ಹೋಂಸ್ಟೇ ಅಂತ ನೋಂದಣಿ ಮಾಡಿಸಿದರು. ಒಂದು ಬುಕಿಂಗ್ ಆಪ್‌ಗೂ ಹಾಕಿದರು. ಶನಿವಾರ, ಭಾನುವಾರ ಜನ ಬರುತ್ತಾರೆ. ಬೆಳಿಗ್ಗೆ ಕೋಟೆ, ಮಧ್ಯಾಹ್ನ ಚಂದ್ರವಳ್ಳಿ, ಸಂಜೆ ಜೋಗಿಮಟ್ಟಿ. ರಾತ್ರಿ ಚಿಕ್ಕಮ್ಮನ ಕೈಯ ಮುದ್ದೆ, ಸೊಪ್ಪಿನ ಸಾರು.

ಒಂದು ಭಾನುವಾರ ಎರಡು ರೂಮಿನವರೂ ತಿಂಡಿಗೆ ಒಟ್ಟಿಗೆ ಕೂತಿದ್ದರಂತೆ. ಮಾತಿಗೆ ಮಾತು ಬಂದು ಬಾಡಿಗೆ ವಿಷಯ ಎದ್ದಿತು. ಆಪ್‌ನಲ್ಲಿ ಬುಕ್ ಮಾಡಿದವರು ಕೊಟ್ಟಿದ್ದು 1,890 ರೂಪಾಯಿ. ಫೋನ್ ಮಾಡಿ ನೇರ ಬಂದವರು ಕೊಟ್ಟಿದ್ದು 1,800. ‘ಅಮ್ಮಾ, ನೀವು ಇವರ ಹತ್ರ ಟ್ಯಾಕ್ಸ್ ತಗೊಂಡಿಲ್ವಾ?’ ಅಂತ ಆಪ್‌ನವರು ಕೇಳಿದರು. ಕೇಳಿದ್ದು ಸುಮ್ನೆ ಕುತೂಹಲಕ್ಕೆ. ಆದರೆ ಚಿಕ್ಕಮ್ಮನಿಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ನನಗೆ ಫೋನು. ‘ಏನಪ್ಪಾ, ನಾನೇನಾದ್ರೂ ತಪ್ಪು ಮಾಡಿದೀನಾ? ಆ ತೊಂಬತ್ತು ರೂಪಾಯಿ ನನ್ನ ಕೈಗೇ ಬಂದಿಲ್ಲ.’

ಅವರು ತಪ್ಪು ಮಾಡಿಲ್ಲ. ಅವರ ಹೆದರಿಕೆಗೂ ಕಾರಣ ಇತ್ತು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್ ಬಂದಿತ್ತಲ್ಲ, ಆ ಸುದ್ದಿ ಎಲ್ಲರ ಮನೆಯಲ್ಲೂ ಇನ್ನೂ ಹಸಿಯಾಗಿದೆ. ಒಂದೇ ಮಹಡಿಯ ಎರಡು ರೂಮು, ಒಂದಕ್ಕೆ ತೆರಿಗೆ ಉಂಟು, ಇನ್ನೊಂದಕ್ಕೆ ಇಲ್ಲ ಅಂದರೆ ಯಾರಿಗಾದರೂ ಗಾಬರಿಯೇ. ಇದು ಹೀಗಾಗಿದ್ದು ಹೇಗೆ ಅಂತ ತಿಳಿಯಲು ಸುಮಾರು ನಲವತ್ತೈದು ವರ್ಷ ಹಿಂದಕ್ಕೆ ಹೋಗಬೇಕು.

ನಮ್ಮದು ದಾರಿ ಮೇಲಿನ ಊರು. ದಾವಣಗೆರೆಯದೂ ಅದೇ ಕಥೆ. ಅಲ್ಲಿನ ಪಿ.ಬಿ. ರಸ್ತೆಯ ಹೆಸರೇ ಪೂನಾ-ಬೆಂಗಳೂರು ರಸ್ತೆ. ಬಂದವರು ಛತ್ರದಲ್ಲೋ ಮಠದಲ್ಲೋ ಮಲಗುತ್ತಿದ್ದರು, ಅಧಿಕಾರಿಗಳಾದರೆ ಪ್ರವಾಸಿ ಮಂದಿರ. ಹತ್ತಿ, ಕಾಳು, ಬಟ್ಟೆ ವ್ಯಾಪಾರಕ್ಕೆ ಬಂದವರಿಗೆ ಆಮೇಲೆ ಬಸ್ ಸ್ಟ್ಯಾಂಡ್ ಸುತ್ತ ಲಾಡ್ಜುಗಳು ಬಂದವು. ಬಾಡಿಗೆ ಕೊಟ್ಟು ಮಲಗುವುದು ಮಾಮೂಲಾದ ಮೇಲೆ ಆ ಬಾಡಿಗೆ ಮೇಲೆ ಸರ್ಕಾರದ ಕಣ್ಣು ಬಿತ್ತು.

ಕರ್ನಾಟಕದಲ್ಲಿ 1979ರಲ್ಲಿ ಐಷಾರಾಮಿ ತೆರಿಗೆ ಕಾಯ್ದೆ ಬಂತು. ಹೋಟೆಲು, ಲಾಡ್ಜು, ಕಲ್ಯಾಣ ಮಂಟಪ ಎಲ್ಲ ಅದರೊಳಗೆ. ಲಾಡ್ಜಿನವರ ಬಾಯಲ್ಲಿ ಅದು ಲಕ್ಷುರಿ ಟ್ಯಾಕ್ಸ್. ಇಷ್ಟು ಬಾಡಿಗೆಗಿಂತ ಜಾಸ್ತಿ ಇದ್ದರೆ ಇಷ್ಟು ತೆರಿಗೆ ಅಂತ ಲೆಕ್ಕ. ಗಿರಾಕಿಯಿಂದ ವಸೂಲು ಮಾಡುವವನು ಮಾಲೀಕ, ಸೇಲ್ಸ್ ಟ್ಯಾಕ್ಸ್ ಆಫೀಸಿಗೆ ಕಟ್ಟುವವನೂ ಅವನೇ. ಕೌಂಟರ್ ಮೇಲಿನ ದಪ್ಪ ರಿಜಿಸ್ಟರೇ ಎಲ್ಲದಕ್ಕೂ ಸಾಕ್ಷಿ. ಇಂಥ ತೆರಿಗೆ ಹಾಕುವ ಅಧಿಕಾರ ರಾಜ್ಯಗಳಿಗೆ ಇದೆಯೇ ಅನ್ನುವ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. ಗುಜರಾತಿನ ಒಂದು ಹೋಟೆಲ್ ಕಂಪನಿಯ ಪ್ರಕರಣದಲ್ಲಿ 1989ರಲ್ಲಿ ಕೋರ್ಟು ‘ಇದೆ’ ಅಂತ ಹೇಳಿತು.

ಕೇಂದ್ರವೂ ಸುಮ್ಮನಿರಲಿಲ್ಲ. 1987ರಲ್ಲಿ ವೆಚ್ಚ ತೆರಿಗೆ ತಂದಿತು. ದಿನಕ್ಕೆ 400 ರೂಪಾಯಿ ಅಥವಾ ಜಾಸ್ತಿ ಬಾಡಿಗೆಯ ರೂಮಿರುವ ಹೋಟೆಲುಗಳಲ್ಲಿ ಮಾಡಿದ ಖರ್ಚಿನ ಮೇಲೆ 10%. ಆ ಕಾಲಕ್ಕೆ 400 ರೂಪಾಯಿ ರೂಮು ಅಂದರೆ ದೊಡ್ಡ ಪಟ್ಟಣದ ದೊಡ್ಡ ಹೋಟೆಲು. ನಮ್ಮ ಕಡೆಯ ಲಾಡ್ಜುಗಳಿಗೆ ಅದರ ಬಿಸಿ ತಟ್ಟುವ ಮಾತೇ ಇರಲಿಲ್ಲ.

ಬಿಸಿ ತಟ್ಟಿದ್ದು 2011ರಲ್ಲಿ. ಆ ವರ್ಷದ ಮೇ 1ರಿಂದ ದಿನಕ್ಕೆ 1,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ದರ ಘೋಷಿಸಿದ ರೂಮುಗಳಿಗೆ ಕೇಂದ್ರದ ಸೇವಾ ತೆರಿಗೆಯೂ ಬಂತು. ಒಂದೇ ಹಾಸಿಗೆಗೆ ಬೆಂಗಳೂರಿನ ಲಕ್ಷುರಿ ಟ್ಯಾಕ್ಸು, ದೆಹಲಿಯ ಸರ್ವಿಸ್ ಟ್ಯಾಕ್ಸು. ಎರಡು ಆಫೀಸು, ಎರಡು ನೋಂದಣಿ, ಎರಡು ರಿಟರ್ನು. ಇಷ್ಟಾದರೂ ಒಂದು ವಿಷಯ ಬದಲಾಗಿರಲಿಲ್ಲ. ತೆರಿಗೆ ಕಟ್ಟುವ ಹೊಣೆ ರೂಮಿನ ಮಾಲೀಕನದೇ ಆಗಿತ್ತು.

ಅದು ಬದಲಾಗಲು ಶುರುವಾಗಿದ್ದು 2015ರಲ್ಲಿ. ಫೋನಿನಲ್ಲಿ ಟ್ಯಾಕ್ಸಿ ಕರೆಯುವ ಕಾಲ ಬಂದಿತ್ತು. ಓಡಿಸುವವನು ಒಬ್ಬ, ಹೆಸರು ಇನ್ನೊಬ್ಬರದು. ಲಕ್ಷಾಂತರ ಡ್ರೈವರುಗಳ ಹಿಂದೆ ಓಡಿ ತೆರಿಗೆ ವಸೂಲು ಮಾಡಲು ಯಾವ ಇಲಾಖೆಗೂ ಆಗುವುದಿಲ್ಲ. ಹಾಗಾಗಿ ತನ್ನ ಬ್ರಾಂಡ್ ಹೆಸರಿನಲ್ಲಿ ಸೇವೆ ಕೊಡಿಸುವ ಕಂಪನಿಯೇ ತೆರಿಗೆ ಕಟ್ಟಬೇಕು ಅಂತ ಆ ವರ್ಷದ ಮಾರ್ಚ್ 1ರಿಂದ ನಿಯಮ ಮಾಡಿದರು. ಚಿಕ್ಕಮ್ಮನ ತೊಂಬತ್ತು ರೂಪಾಯಿಯ ಬೇರು ಇಲ್ಲಿದೆ.

2017ರ ಜುಲೈ 1ರಂದು ಜಿಎಸ್‌ಟಿ ಬಂತು. ಲಕ್ಷುರಿ ಟ್ಯಾಕ್ಸೂ ಹೋಯಿತು, ಸರ್ವಿಸ್ ಟ್ಯಾಕ್ಸೂ ಹೋಯಿತು. 1,000 ರೂಪಾಯಿಗಿಂತ ಕಡಿಮೆಯ ರೂಮಿಗೆ ಮೊದಲು ತೆರಿಗೆಯೇ ಇರಲಿಲ್ಲ. ಅದರ ಮೇಲೆ 12%, 18%, 28% ಅಂತ ಮೆಟ್ಟಿಲು. 2019ರ ಅಕ್ಟೋಬರ್‌ನಿಂದ 7,500 ರೂಪಾಯಿವರೆಗೆ 12%, ಅದರ ಮೇಲೆ 18% ಮಾಡಿದರು. 2022ರ ಜುಲೈ 18ರಿಂದ ಸಾವಿರದ ಒಳಗಿನ ರೂಮಿನ ವಿನಾಯಿತಿಯನ್ನೂ ತೆಗೆದರು. ನನ್ನ ಮಟ್ಟಿಗೆ ಅದು ಒಳ್ಳೆಯ ತೀರ್ಮಾನ ಅಲ್ಲ. ಆಸ್ಪತ್ರೆಗೋ ಕೋರ್ಟಿಗೋ ಹಳ್ಳಿಯಿಂದ ಬಂದು 600 ರೂಪಾಯಿ ರೂಮಿನಲ್ಲಿ ಒಂದು ರಾತ್ರಿ ಮಲಗುವವರು ಐಷಾರಾಮಕ್ಕೆ ಬಂದವರಲ್ಲ. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ರೂಮಿಗೆ ದರ 5%ಕ್ಕೆ ಇಳಿದಿದೆ. ಚಿಕ್ಕಮ್ಮನ 1,800 ರೂಪಾಯಿ ರೂಮಿಗೆ ಮೊದಲು 216 ರೂಪಾಯಿ ಬೀಳುತ್ತಿತ್ತು. ಈಗ 90.

ದರದ ಕಥೆ ಅಷ್ಟೇ. ಕಟ್ಟುವವರು ಯಾರು ಅನ್ನುವುದು ಅದಕ್ಕಿಂತ ಮುಖ್ಯ.

ಜಿಎಸ್‌ಟಿ ಕಾಯ್ದೆಯಲ್ಲಿ 9(5) ಅಂತ ಒಂದು ಕಲಂ ಇದೆ. ಅದರಡಿ 2017ರ ಜೂನ್ 28ರಂದು ಹೊರಟ ಅಧಿಸೂಚನೆ ಹೇಳುವುದು ಇಷ್ಟು. ಆಪ್ ಮೂಲಕ ರೂಮು ಬುಕ್ ಆದರೆ, ಆ ರೂಮಿನ ಮಾಲೀಕ ಜಿಎಸ್‌ಟಿ ನೋಂದಣಿಯ ಮಿತಿಯೊಳಗೆ ಇದ್ದರೆ, ತೆರಿಗೆ ಕಟ್ಟುವವರು ಆಪ್‌ನವರೇ. ರೂಮನ್ನು ತಾವೇ ಕೊಟ್ಟ ಹಾಗೆ ಅವರು ತೆರಿಗೆ ಹಾಕಿ, ತಾವೇ ಸರ್ಕಾರಕ್ಕೆ ಕಟ್ಟಬೇಕು. ಸೇವೆಗಳಿಗೆ ಆ ಮಿತಿ ವರ್ಷಕ್ಕೆ 20 ಲಕ್ಷ ವಹಿವಾಟು. ಆಪ್‌ನಲ್ಲಿ ಹೆಸರು ಹಾಕಿದ ಮಾತ್ರಕ್ಕೆ ನೋಂದಣಿ ಮಾಡಿಸಲೇಬೇಕು ಅಂತೇನಿಲ್ಲ. ಅದನ್ನು ಆ ವರ್ಷದ ನವೆಂಬರ್‌ನಲ್ಲೇ ಸ್ಪಷ್ಟ ಮಾಡಿದ್ದಾರೆ.

ಲೆಕ್ಕ ಹಾಕಿ ನೋಡೋಣ. ಎರಡು ರೂಮು, 1,800 ರೂಪಾಯಿ, ವರ್ಷದ 365 ದಿನವೂ ಭರ್ತಿ ಅಂತಲೇ ಇಟ್ಟುಕೊಳ್ಳಿ. 13,14,000 ರೂಪಾಯಿ ಆಗುತ್ತದೆ. ಇಪ್ಪತ್ತು ಲಕ್ಷದ ಹತ್ತಿರವೂ ಹೋಗುವುದಿಲ್ಲ. ಹಾಗಾಗಿ ಫೋನ್ ಮಾಡಿ ನೇರ ಬಂದವರ ಮೇಲೆ ಚಿಕ್ಕಮ್ಮ ಜಿಎಸ್‌ಟಿ ಹಾಕಬೇಕಿಲ್ಲ. ಹಾಕಲೂಬಾರದು. ನೋಂದಣಿ ಇಲ್ಲದವರು ತೆರಿಗೆ ಅಂತ ಒಂದು ರೂಪಾಯಿಯನ್ನೂ ವಸೂಲು ಮಾಡುವಂತಿಲ್ಲ. ಆಪ್‌ನಿಂದ ಬಂದವರ ತೊಂಬತ್ತು ರೂಪಾಯಿ ಆಪ್‌ನವರ ಕೈಯಿಂದಲೇ ಖಜಾನೆಗೆ ಹೋಗಿರುತ್ತದೆ. ಎರಡೂ ಕಾನೂನು ಪ್ರಕಾರವೇ.

ಆದರೆ ಇಲ್ಲೊಂದು ಗುಂಡಿ ಇದೆ. ನಮ್ಮ ಕಡೆ ಎಷ್ಟೋ ಮನೆಗಳು ಬೀಳುವುದು ಇದರಲ್ಲೇ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಪ್ಪತ್ತು ಲಕ್ಷ ಅನ್ನುವುದು ರೂಮಿನ ಲೆಕ್ಕ ಅಲ್ಲ. ಒಂದು ಪ್ಯಾನ್ ನಂಬರಿನ ಒಟ್ಟು ವಹಿವಾಟಿನ ಲೆಕ್ಕ. ಕೆಳಗೆ ಕಿರಾಣಿ ಅಂಗಡಿ, ಮೇಲೆ ಹೋಂಸ್ಟೇ, ಎರಡೂ ಒಬ್ಬರ ಹೆಸರಲ್ಲಿ ಇದ್ದರೆ ಎರಡನ್ನೂ ಕೂಡಿಸಬೇಕು. ಬರೀ ಸಾಮಾನು ಮಾರುವವರಿಗೆ ಕರ್ನಾಟಕದಲ್ಲಿ 40 ಲಕ್ಷದವರೆಗೆ ನೋಂದಣಿ ಬೇಡ. ‘ನಮಗೆ ನಲವತ್ತು ಲಕ್ಷದ ತನಕ ಏನೂ ಇಲ್ಲ’ ಅಂತ ಅಂಗಡಿಯವರು ಧೈರ್ಯವಾಗಿ ಇರುತ್ತಾರೆ. ಆದರೆ ಅದೇ ಹೆಸರಿಗೆ ರೂಮಿನ ಬಾಡಿಗೆ ಸೇರಿದರೆ ಮಿತಿ 20 ಲಕ್ಷಕ್ಕೆ ಇಳಿಯುತ್ತದೆ. ಅಂಗಡಿಯದು 12 ಲಕ್ಷ, ರೂಮಿನದು 9 ಲಕ್ಷ ಅಂದರೆ ಮಿತಿ ದಾಟಿದ ಹಾಗೆಯೇ. ತೆರಿಗೆ ಇಲ್ಲದ ತರಕಾರಿ, ಬಿಡಿ ಅಕ್ಕಿ ಮಾರಿದ್ದೂ ಆ ಒಟ್ಟಿನಲ್ಲಿ ಸೇರುತ್ತದೆ.

ದಾಟಿದ ಮೇಲೆ ಹೊಣೆ ತಿರುಗಿ ಮಾಲೀಕರ ಕಡೆ ಬರುತ್ತದೆ. ನೋಂದಣಿ ಮಾಡಿಸಬೇಕು. ಆಪ್‌ನಿಂದ ಬಂದವರಿಗೂ ನೇರ ಬಂದವರಿಗೂ ತೆರಿಗೆ ಹಾಕಬೇಕು, ರಿಟರ್ನ್ ಸಲ್ಲಿಸಬೇಕು. ಆಪ್‌ನವರು ಆಗ ರೂಮಿನ ಜಿಎಸ್‌ಟಿ ಕಟ್ಟುವುದಿಲ್ಲ. ಮಾಲೀಕರಿಗೆ ಕೊಡುವ ಹಣದಲ್ಲಿ ಒಂದು ಸಣ್ಣ ಪಾಲು ಹಿಡಿದು ಸರ್ಕಾರಕ್ಕೆ ತೋರಿಸುತ್ತಾರೆ, ಅಷ್ಟೇ. 2018ರ ಅಕ್ಟೋಬರ್‌ನಿಂದ ಅದು 1% ಇತ್ತು, 2024ರ ಜುಲೈ 10ರಿಂದ 0.5%. ಆ ಹಣ ಮಾಲೀಕರ ಜಿಎಸ್‌ಟಿ ಖಾತೆಗೆ ಜಮೆಯಾಗುತ್ತದೆ, ಕಳೆದುಹೋಗುವುದಿಲ್ಲ. ಆಪ್‌ನವರು ಕಟ್ಟುತ್ತಾರೆ ಅಂತ ಮಾಲೀಕರು, ಮಾಲೀಕರು ಕಟ್ಟುತ್ತಾರೆ ಅಂತ ಆಪ್‌ನವರು ಕೂತರೆ, ಕೊನೆಗೆ ಬಡ್ಡಿ, ದಂಡ ಬೀಳುವುದು ಮಾಲೀಕರ ತಲೆಗೆ. ಹಾಗಾಗಿ ಮಿತಿ ದಾಟಿದ ಕೂಡಲೇ ಆಪ್‌ನಲ್ಲಿ ಜಿಎಸ್‌ಟಿ ನಂಬರು ಹಾಕಲೇಬೇಕು.

ಬೇರೆ ದೇಶದಲ್ಲಿ ಇದೇ ಪ್ರಶ್ನೆ ಇನ್ನೊಂದು ದಾರಿ ಹಿಡಿಯಿತು. ಅಮೆರಿಕದಲ್ಲಿ ರೂಮಿನ ಮೇಲಿನ ತೆರಿಗೆ ಬಹಳ ಕಡೆ ಆಯಾ ನಗರದ್ದು. ಸ್ಯಾನ್‌ ಫ್ರಾನ್ಸಿಸ್ಕೋದಲ್ಲಿ ಅದು 14%. ಬುಕಿಂಗ್ ವೆಬ್‌ಸೈಟುಗಳು ಬಂದ ಮೇಲೆ ಮೊದಲ ಜಗಳ ಎದ್ದಿತು. ವೆಬ್‌ಸೈಟು ಹೋಟೆಲಿನಿಂದ 80 ಡಾಲರ್‌ಗೆ ರೂಮು ಹಿಡಿದು ಗಿರಾಕಿಗೆ 100ಕ್ಕೆ ಕೊಟ್ಟರೆ, ತೆರಿಗೆ ಎಂಬತ್ತರ ಮೇಲೋ ನೂರರ ಮೇಲೋ? ಲಾಸ್ ಏಂಜಲೀಸ್ ನಗರ ಇದನ್ನೇ ಹಿಡಿದು 2004ರಲ್ಲಿ ಕೋರ್ಟಿಗೆ ಹೋಯಿತು. ಬೇರೆ ಊರುಗಳೂ ಹೋದವು.

2008ರಲ್ಲಿ ಜನರ ಮನೆಯ ರೂಮುಗಳನ್ನು ಬಾಡಿಗೆಗೆ ಕೊಡಿಸುವ ಏರ್‌ಬಿಎನ್‌ಬಿ ಕಂಪನಿ ಶುರುವಾದ ಮೇಲೆ ಎರಡನೇ ಜಗಳ. ಮನೆಯ ಒಂದು ರೂಮು ಕೊಡುವವರು ಹೋಟೆಲಿನವರೇ? 2012ರಲ್ಲಿ ಸ್ಯಾನ್‌ ಫ್ರಾನ್ಸಿಸ್ಕೋ ‘ಹೌದು, ತೆರಿಗೆ ಕಟ್ಟಲೇಬೇಕು’ ಅಂತು. ಆದರೆ ಸಾವಿರಾರು ಮನೆಯವರ ಹತ್ತಿರ ವಸೂಲು ಮಾಡುವವರು ಯಾರು? 2014ರ ಜುಲೈನಲ್ಲಿ ಪೋರ್ಟ್‌ಲ್ಯಾಂಡ್‌ನಲ್ಲಿ, ಅಕ್ಟೋಬರ್‌ನಲ್ಲಿ ಸ್ಯಾನ್‌ ಫ್ರಾನ್ಸಿಸ್ಕೋದಲ್ಲಿ ಕಂಪನಿಯೇ ತೆರಿಗೆ ಹಿಡಿದು ನಗರಕ್ಕೆ ಕೊಡಲು ಶುರು ಮಾಡಿತು. ಯುರೋಪಿನ ಒಕ್ಕೂಟವೂ 2025ರ ಮಾರ್ಚ್‌ನಲ್ಲಿ ಇಂಥದ್ದೇ ನಿಯಮ ಒಪ್ಪಿದೆ. ಅಲ್ಲಿ 2030ರ ಜನವರಿಯಿಂದ ಅದು ಕಡ್ಡಾಯ.

ಕಂಪನಿಯಿಂದಲೇ ಕಟ್ಟಿಸಿಕೊಳ್ಳುವ ಏರ್ಪಾಡು ನಮ್ಮಲ್ಲಿ ಜಿಎಸ್‌ಟಿಯ ಮೊದಲ ದಿನದಿಂದಲೇ ಇತ್ತು. ಸಣ್ಣ ಮನೆಯವರಿಗೆ ರಿಟರ್ನಿನ ತಲೆನೋವು ತಪ್ಪಿಸಿದ್ದು ನಿಜಕ್ಕೂ ಒಳ್ಳೆಯ ಕೆಲಸ. ನನ್ನ ತಕರಾರು ಬೇರೆ. ಪೋರ್ಟ್‌ಲ್ಯಾಂಡ್‌ನಲ್ಲಿ ಕಂಪನಿ ಹಣ ಕೊಟ್ಟಿದ್ದು ಊರಿಗೆ. ನಮ್ಮಲ್ಲಿ ಊರಿಗೆ ಏನು ಬಂತು?

ರೂಮಿನ ತೆರಿಗೆ ಕಟ್ಟಡ ಎಲ್ಲಿದೆಯೋ ಆ ರಾಜ್ಯಕ್ಕೆ ಸೇರಬೇಕು ಅನ್ನುವುದು ನಿಯಮ. ಗಿರಾಕಿ ಮುಂಬೈಯವನಾದರೂ ಸರಿ. ತೊಂಬತ್ತರಲ್ಲಿ 45 ರೂಪಾಯಿ ದೆಹಲಿಗೆ, 45 ಬೆಂಗಳೂರಿಗೆ. ಚಿತ್ರದುರ್ಗ ನಗರಸಭೆಗೆ ನೇರವಾಗಿ ಒಂದು ಪೈಸೆಯೂ ಇಲ್ಲ. ಕೋಟೆಯ ಟಿಕೆಟ್ ಹಣವೂ ಕೇಂದ್ರದ ಪುರಾತತ್ವ ಇಲಾಖೆಗೆ ಹೋಗುತ್ತದೆ. ನಗರಸಭೆಗೆ ಬರುವುದು ಚಿಕ್ಕಮ್ಮನ ಮನೆಯ ಆಸ್ತಿ ತೆರಿಗೆ. ವರ್ಷಕ್ಕೆ ಇಬ್ಬರು ತಂಗಿದರೂ ಅಷ್ಟೇ, ಇನ್ನೂರು ಜನ ತಂಗಿದರೂ ಅಷ್ಟೇ.

ಅತಿಥಿಗಳು ಸ್ನಾನ ಮಾಡುವ ನೀರು ಶಾಂತಿಸಾಗರದಿಂದಲೋ ವಾಣಿವಿಲಾಸ ಸಾಗರದಿಂದಲೋ ಪಂಪ್ ಆಗಿ ಬರಬೇಕು. ಅವರು ಬಿಟ್ಟುಹೋದ ಬಾಟಲಿ, ಪ್ಲೇಟುಗಳನ್ನು ಸೋಮವಾರ ಬೆಳಿಗ್ಗೆ ಎತ್ತುವವರು ಪೌರಕಾರ್ಮಿಕರು. 2022ರ ಸೆಪ್ಟೆಂಬರ್‌ನಲ್ಲಿ ವಾಣಿವಿಲಾಸ ಸಾಗರ 89 ವರ್ಷದ ನಂತರ ಕೋಡಿ ಬಿದ್ದಾಗ ನೋಡಲು ಜನ ಹೇಗೆ ನುಗ್ಗಿದರು ಅಂತ ಹಿರಿಯೂರಿನವರನ್ನು ಕೇಳಿ. ಆ ದಟ್ಟಣೆಯನ್ನು ತಡೆದುಕೊಂಡದ್ದು ಸುತ್ತಲಿನ ಊರುಗಳು.

ರಾಜ್ಯದ ಆದಾಯದಲ್ಲಿ ಒಂದು ಪಾಲು ರಾಜ್ಯ ಹಣಕಾಸು ಆಯೋಗದ ಅನುದಾನವಾಗಿ ಸ್ಥಳೀಯ ಸಂಸ್ಥೆಗಳಿಗೆ ಬರುತ್ತದೆ, ಅದನ್ನು ಮರೆಯುವಂತಿಲ್ಲ. ಆದರೆ ಎಷ್ಟು ಜನ ಬಂದು ತಂಗಿದರು ಅಂತ ನೋಡಿ ಯಾರೂ ಅದನ್ನು ಹಂಚುವುದಿಲ್ಲ. ‘ಮಾಡಿದಷ್ಟು ನೀಡು ಭಿಕ್ಷೆ’ ಅಂದವರು ನಮ್ಮ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ. ಊರು ಮಾಡಿದಷ್ಟಾದರೂ ಊರಿಗೆ ಬರಬೇಕಲ್ವಾ?

ನಗರಸಭೆ ತಾನೇ ಒಂದು ತೆರಿಗೆ ಹಾಕಬಹುದಲ್ಲ ಅಂತ ಕೆಲವರು ಕೇಳುತ್ತಾರೆ. ಆಗುವುದಿಲ್ಲ. ರಾಜ್ಯಗಳು ಯಾವುದರ ಮೇಲೆ ಕಾನೂನು ಮಾಡಬಹುದು ಅಂತ ಸಂವಿಧಾನದಲ್ಲಿ ರಾಜ್ಯಪಟ್ಟಿ ಅಂತ ಇದೆ. 2016ರ 101ನೇ ಸಂವಿಧಾನ ತಿದ್ದುಪಡಿಯಲ್ಲಿ ಅದರ 62ನೇ ನಮೂದಿನಿಂದ ಐಷಾರಾಮ ಅನ್ನುವ ಮಾತನ್ನೇ ತೆಗೆದಿದ್ದಾರೆ. ಪಂಚಾಯಿತಿ, ನಗರಸಭೆಗಳ ಮೂಲಕ ವಸೂಲು ಮಾಡುವ ಮನರಂಜನೆ ತೆರಿಗೆ ಮಾತ್ರ ಅಲ್ಲಿ ಉಳಿದಿದೆ. ಸಿನಿಮಾ, ಆಟಕ್ಕೆ ಸ್ಥಳೀಯ ತೆರಿಗೆ ಆಗಬಹುದು, ಹಾಸಿಗೆಗೆ ಆಗದು. ಹಾಗಿದ್ದಾಗ ಇರುವ ದಾರಿ ರಾಜ್ಯದ್ದು. ತನ್ನ ಪಾಲಿನ ಆ 45 ರೂಪಾಯಿಯಲ್ಲಿ ಒಂದಿಷ್ಟನ್ನು ಆಯಾ ಊರಿನ ನೀರು, ಕಸ, ಶೌಚಾಲಯಕ್ಕೆ ವಾಪಸ್ ಕೊಡಲು ಸಂವಿಧಾನ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ಲೆಕ್ಕ. ನೋಂದಣಿ ಇಲ್ಲದ ಮನೆಗಳ ಪರವಾಗಿ ಆಪ್‌ನವರು ಕಟ್ಟುವ ತೆರಿಗೆಯ ರಿಟರ್ನಿನಲ್ಲಿ ರಾಜ್ಯದ ಹೆಸರು ಇರುತ್ತದೆ, ಊರಿನ ಹೆಸರು ಇರುವುದಿಲ್ಲ. ಆ ತೊಂಬತ್ತು ರೂಪಾಯಿ ಚಿತ್ರದುರ್ಗದ್ದೋ ಚಿಕ್ಕಮಗಳೂರಿನದ್ದೋ ಅಂತ ಖಜಾನೆಗೆ ಗೊತ್ತಾಗುವುದೇ ಇಲ್ಲ. ಒಂದು ಪಿನ್‌ಕೋಡ್ ಕೇಳಿದರೆ ಸಾಕು. ಆಪ್‌ನವರ ಹತ್ತಿರ ಅದು ಇದ್ದೇ ಇರುತ್ತದೆ.

ಚಿಕ್ಕಮ್ಮನ ರಿಜಿಸ್ಟರಿನಲ್ಲಿ ಮಾತ್ರ ಎಲ್ಲವೂ ಇದೆ. ಯಾರು, ಯಾವ ಊರಿನವರು, ಎಷ್ಟು ದಿನ ಇದ್ದರು. ಮೊನ್ನೆ ಹೋದಾಗ ಸ್ಕೇಲು ಹಿಡಿದು ಅದರಲ್ಲಿ ಹೊಸದಾಗಿ ಎರಡು ಗೆರೆ ಎಳೆಯುತ್ತಿದ್ದರು. ಒಂದು ಕಾಲಂ ‘ಆಪ್’, ಇನ್ನೊಂದು ‘ನೇರ’. ತಿಂಗಳ ಕೊನೆಗೆ ಎರಡನ್ನೂ ಕೂಡಿಸಿ ಫೋಟೋ ಕಳಿಸುತ್ತೇನೆ, ಇಪ್ಪತ್ತು ಲಕ್ಷಕ್ಕೆ ಇನ್ನೆಷ್ಟು ದೂರ ಅಂತ ನೋಡಿ ಹೇಳು ಅಂದರು.